ಮನೆಯಲ್ಲೇ ಡೇಕೇರ್ ನಡೆಸುವಾಗ ಎಂಥ ಬಟ್ಟೆ ಹಾಕಿಕೊಳ್ಳಬೇಕು?

ಪ್ರಶ್ನೆ: ಅಕ್ಕಾ, ಮೂರು ತಿಂಗಳಿಂದ ಮನೆಯಲ್ಲೇ ಚಿಕ್ಕದಾಗಿ ಡೇಕೇರ್ ನಡೆಸುತ್ತಿದ್ದೇನೆ. ಐದು ಮಕ್ಕಳಿದ್ದಾರೆ. ಒಂದು ಎಂಟು ತಿಂಗಳ ಕೂಸು, ಉಳಿದವರು ಒಂದೂವರೆಯಿಂದ ನಾಲ್ಕು ವರ್ಷದವರು. ಮೊದಲು ಆಫೀಸಿಗೆ ಹಾಕುತ್ತಿದ್ದ ಬಟ್ಟೆಗಳನ್ನೇ ಹಾಕಿಕೊಂಡೆ, ಎರಡೇ ವಾರಕ್ಕೆ ಮೂರು ಟಾಪ್ ಹಾಳಾದವು. ಆಮೇಲೆ ಹಳೇ ನೈಟಿ ಸಾಕು ಅಂದುಕೊಂಡೆ. ಆದರೆ ಸಂಜೆ ಮಕ್ಕಳ ಅಪ್ಪ ಅಮ್ಮ ಬಂದಾಗ ಹಾಗೇ ಬಾಗಿಲು ತೆಗೆಯಲು ಮುಜುಗರ ಆಗುತ್ತದೆ. ಇವರು ಮಾತ್ರ ‘ಮನೆಯಲ್ಲೇ ಇರ್ತೀಯಲ್ಲ, ಅದಕ್ಕೆ ಬೇರೆ ಬಟ್ಟೆ ಯಾಕೆ’ ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ಮೊದಲು ನಿಮ್ಮವರ ಮಾತಿಗೆ ಉತ್ತರ ಹೇಳುತ್ತೇನೆ. ನೀವು ಮನೆಯಲ್ಲಿ ಸುಮ್ನೆ ಇಲ್ಲ, ಕೆಲಸ ಮಾಡುತ್ತಿದ್ದೀರಿ. ದಿನವಿಡೀ ಕೂತು ಏಳುವ, ಎತ್ತುವ, ಒರೆಸುವ ಕೆಲಸ ಅದು. ಅದಕ್ಕೆ ಬೇರೆ ಬಟ್ಟೆ ಬೇಕು ಅನ್ನುವುದು ಶೋಕಿ ಅಲ್ಲ. ಬೆಳಿಗ್ಗೆ ಮೊದಲ ಮಗು ಬರುವ ಮುಂಚೆ ಬಟ್ಟೆ ಬದಲಾಯಿಸಿ, ಕೊನೆಯ ಮಗು ಹೋದ ಮೇಲೆ ಮತ್ತೆ ಬದಲಾಯಿಸಿ ನೋಡಿ. ಕೆಲಸ ಶುರುವಾಯಿತು, ಕೆಲಸ ಮುಗಿಯಿತು ಅಂತ ನಿಮಗೂ ಗೊತ್ತಾಗುತ್ತದೆ, ಮನೆಯವರಿಗೂ ಗೊತ್ತಾಗುತ್ತದೆ. ನಾನು ಶುರುವಿನಲ್ಲಿ ಹೀಗೆ ಮಾಡಲಿಲ್ಲ. ಸಂಜೆ ಏಳಾದರೂ ಭುಜದ ಮೇಲೆ ಹಾಲಿನ ಕಲೆ ಹೊತ್ತುಕೊಂಡೇ ಮನೆಕೆಲಸ ಮಾಡುತ್ತಿದ್ದೆ, ದಿನ ಮುಗಿಯುತ್ತಲೇ ಇರಲಿಲ್ಲ.

ಈಗ ಬಟ್ಟೆಯ ವಿಷಯ. ಕನ್ನಡಿ ಮುಂದೆ ನಿಂತು ಆರಿಸಬೇಡಿ. ಹಾಕಿಕೊಂಡು ನೆಲದ ಮೇಲೆ ಕೂತು ನೋಡಿ. ಕುಕ್ಕರಗಾಲಲ್ಲಿ ಕೂರಿ, ಮಂಡಿಯೂರಿ ಬಗ್ಗಿ ಸೋಫಾ ಕೆಳಗಿಂದ ಚೆಂಡು ತೆಗೆಯಿರಿ, ಒಂದು ದಿಂಬನ್ನು ಮಗುವಿನ ಹಾಗೆ ಸೊಂಟದ ಮೇಲೆ ಎತ್ತಿಕೊಂಡು ಎದ್ದು ನಿಲ್ಲಿ. ಬಗ್ಗಿದಾಗ ಕತ್ತು ಜೋಲುತ್ತದಾ, ಹಿಂದೆ ಸೊಂಟ ಕಾಣುತ್ತದಾ, ಮಂಡಿ ಹತ್ತಿರ ಬಟ್ಟೆ ಹಿಡಿಯುತ್ತದಾ, ಎದ್ದು ನಿಲ್ಲುವಾಗ ಅಂಚು ಕಾಲಿಗೆ ಸಿಕ್ಕಿಕೊಳ್ಳುತ್ತದಾ? ಇದರಲ್ಲಿ ಒಂದಾದರೂ ಆದರೆ ಅದು ಡೇಕೇರ್ ಬಟ್ಟೆ ಅಲ್ಲ. ನೈಟಿ ಬೇಡ ಅಂತ ನಾನು ಹೇಳುವುದೂ ಇದಕ್ಕೇ. ಯಾರೋ ಏನೋ ಅಂದುಕೊಳ್ಳುತ್ತಾರೆ ಅಂತ ಅಲ್ಲ. ಕೂಸನ್ನು ಎತ್ತಿಕೊಂಡು ಏಳುವಾಗ ಆ ಉದ್ದ ಅಂಚಿನ ಮೇಲೆ ನಮ್ಮ ಕಾಲೇ ಬೀಳುತ್ತದೆ. ಬಿದ್ದರೆ ಇಬ್ಬರೂ ಬೀಳುತ್ತೀವಿ ಅಲ್ವಾ?

ನನ್ನ ಲೆಕ್ಕದಲ್ಲಿ ಚೆನ್ನಾಗಿ ಹಿಗ್ಗುವ, ಪಾದದ ಹತ್ತಿರ ತೀರಾ ಅಗಲ ಇಲ್ಲದ ಪ್ಯಾಂಟು, ಸೊಂಟ ಮುಚ್ಚುವಷ್ಟು ಉದ್ದದ ಹತ್ತಿ ಟಾಪ್ ಅಥವಾ ಟೀ ಶರ್ಟು, ಇಷ್ಟಿದ್ದರೆ ಆಯಿತು. ತೋಳು ಮೊಣಕೈವರೆಗೆ ಇರಲಿ, ಇಲ್ಲಾ ಮಡಿಸಿದರೆ ನಿಲ್ಲುವ ಹಾಗಿರಲಿ. ದಿನಕ್ಕೆ ಹತ್ತಿಪ್ಪತ್ತು ಸಲ ಕೈ ತೊಳೆಯುತ್ತೇವೆ, ಸೋಪು ಹಚ್ಚಿ ಪ್ರತಿ ಸಲ 20 ಸೆಕೆಂಡ್ ಆದರೂ ಉಜ್ಜಬೇಕು, ಉದ್ದ ತೋಳಿದ್ದರೆ ಅದು ಒದ್ದೆಯಾಗುತ್ತದೆ ಅಂತ ನಮಗೆ ಗೊತ್ತಿಲ್ಲದೆಯೇ ಬೇಗ ಮುಗಿಸಿಬಿಡುತ್ತೇವೆ. ಅಗಲ ತೋಳಿನದು ಇನ್ನೊಂದು ಅಪಾಯ. ಮೇಜಿನ ಮೇಲಿನ ಬಿಸಿ ಲೋಟಕ್ಕೆ ತಾಗಿ ಅದನ್ನು ಕೆಡವುತ್ತದೆ. ಮಾಡಿ ಕಾಲು ಗಂಟೆ ಆದ ಬಿಸಿ ಪಾನೀಯವೂ ಪುಟ್ಟ ಮಗುವಿನ ಚರ್ಮ ಸುಡಬಲ್ಲದು.

ನಿಮ್ಮ ಮೈಮೇಲೆ ಇರುವುದೆಲ್ಲ ಮಕ್ಕಳಿಗೆ ಆಟದ ಸಾಮಾನು. ಇದೊಂದನ್ನು ನೆನಪಿಟ್ಟುಕೊಂಡರೆ ಉಳಿದದ್ದು ನಿಮಗೇ ಹೊಳೆಯುತ್ತದೆ. ಎಂಟು ತಿಂಗಳ ಕೂಸು ಕೈಗೆ ಸಿಕ್ಕಿದ್ದನ್ನು ಎಳೆಯುತ್ತದೆ, ಬಾಯಿಗೆ ಹಾಕುತ್ತದೆ. ಹಾಗಾಗಿ ಮಣಿ, ಮಿಂಚು, ಸಡಿಲ ಗುಂಡಿ, ಅಂಟಿಸಿದ ಕಲ್ಲು ಇರುವ ಬಟ್ಟೆ ಬೇಡವೇ ಬೇಡ. ಸುಮಾರು 3 ಸೆಂಟಿಮೀಟರ್‌ಗಿಂತ ಚಿಕ್ಕ ವಸ್ತು ಯಾವುದೇ ಇರಲಿ, ಮೂರು ವರ್ಷದೊಳಗಿನ ಮಕ್ಕಳ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಒಗೆದ ಬಟ್ಟೆ ಮಡಿಸುವಾಗ ಪ್ರತಿ ಗುಂಡಿಯನ್ನೂ ಒಂದು ಸಲ ಎಳೆದು ನೋಡುವ ಅಭ್ಯಾಸ ಇಟ್ಟುಕೊಳ್ಳಿ. ನಾನು ಹಾಗೆ ನೋಡದೇ ಇದ್ದ ಒಂದು ದಿನ ನನ್ನ ಟಾಪಿನ ಗುಂಡಿ ಒಂದು ವರ್ಷದ ಮಗುವಿನ ಕೆನ್ನೆಯೊಳಗೆ ಸಿಕ್ಕಿತು. ನುಂಗಿರಲಿಲ್ಲ, ಬಾಯಿಂದ ತೆಗೆದೆ, ಮಗುವಿಗೆ ಏನೂ ಆಗಲಿಲ್ಲ. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವತ್ತಿಂದ ಮುಂದೆ ಗುಂಡಿ ಇರುವ ಟಾಪನ್ನು ಕೆಲಸದ ಹೊತ್ತಿನಲ್ಲಿ ಹಾಕಿಲ್ಲ.

ಜೋಲಾಡುವ ಓಲೆ, ಉದ್ದದ ಸರ ತೆಗೆದಿಡಿ, ಕಿವಿಯ ತೂತೇ ಹರಿಯುವ ಹಾಗೆ ಎಳೆಯುತ್ತವೆ ಮಕ್ಕಳು. ಹರಳಿನ ಉಂಗುರ ಡಯಾಪರ್ ಬದಲಿಸುವಾಗ ಮಗುವಿನ ತೊಡೆ ಗೀರುತ್ತದೆ, ಅದರ ಸಂದಿಯಲ್ಲಿ ಕೊಳೆಯೂ ಕೂರುತ್ತದೆ. ತೆಗೆಯಲು ಮನಸ್ಸಿಲ್ಲದಿದ್ದರೆ ನುಣುಪಾದದ್ದು ಒಂದೇ ಒಂದು ಇರಲಿ, ಕೈ ತೊಳೆಯುವಾಗ ಅದನ್ನು ಸರಿಸಿ ಅಡಿಯಲ್ಲೂ ತೊಳೆಯಿರಿ. ಉಗುರು ಗಿಡ್ಡ, ಕೂದಲು ಕಟ್ಟಿರಬೇಕು. ಹೆಗಲಿಂದ ಜಾರುವ ಶಾಲು, ಸ್ಕಾರ್ಫು, ಲಾಡಿ ನೇತಾಡುವ ಹುಡ್ ಕೂಡ ಬೇಡ. ಚಳಿಯಾದರೆ ಮೈಗೆ ಹತ್ತಿಕೊಂಡು ಕೂರುವ ಸ್ವೆಟರ್ ಹಾಕಿ. ಮಲಗಿದ ಕೂಸಿನ ಮೇಲೆ ನಿಮ್ಮ ಶಾಲು ಹೊದಿಸುವುದಂತೂ ಮಾಡಲೇಬೇಡಿ, ಸಡಿಲ ಬಟ್ಟೆ ಮುಖದ ಮೇಲೆ ಬಂದರೆ ಅಷ್ಟು ಪುಟ್ಟ ಮಗುವಿಗೆ ಸರಿಸಿಕೊಳ್ಳಲು ಆಗುವುದಿಲ್ಲ.

ಜೇಬು ಬೇಕು, ಒಂದಾದರೂ ಆಳದ್ದು ಬೇಕು. ಫೋನು ಯಾವಾಗಲೂ ಮೈಮೇಲೇ ಇರಬೇಕು, ತುರ್ತಿಗೆ ಹುಡುಕುತ್ತಾ ಕೂರುವ ಹಾಗಾಗಬಾರದು. ಒಂದು ಕರವಸ್ತ್ರವೂ ಇರಲಿ. ಆದರೆ ನಾಣ್ಯ, ಮಾತ್ರೆ, ಪಿನ್ನು, ಗುಂಡಿ ಬ್ಯಾಟರಿ, ಅಂದರೆ ಅಂಗಿ ಗುಂಡಿಯ ಹಾಗೆ ಚಪ್ಪಟೆಯಾದ ಚಿಕ್ಕ ಬ್ಯಾಟರಿ ಇರುವ ಯಾವ ಸಾಮಾನೂ ಆ ಜೇಬಿಗೆ ಹೋಗಬಾರದು. ಗುಂಡಿ ಬ್ಯಾಟರಿ ಮಗುವಿನ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ಸುಟ್ಟು ದೊಡ್ಡ ಗಾಯ ಮಾಡುತ್ತದೆ. ನುಂಗಿದೆ ಅನ್ನುವ ಅನುಮಾನ ಬಂದರೂ ಕಾಯದೆ ಆಸ್ಪತ್ರೆಗೆ ಓಡಬೇಕು.

ಕಾಲಿಗೆ ಏನು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನುಣುಪು ನೆಲದ ಮೇಲೆ ಬರೀ ಕಾಲುಚೀಲ ಹಾಕಿ ಮಗುವನ್ನು ಎತ್ತಿಕೊಂಡು ನಡೆಯಬೇಡಿ, ಜಾರುತ್ತದೆ. ಬರಿಗಾಲು ವಾಸಿ. ಇಲ್ಲದಿದ್ದರೆ ಹಿಮ್ಮಡಿ ಹಿಡಿದು ನಿಲ್ಲುವ, ರಬ್ಬರ್ ತಳದ, ಮನೆಯೊಳಗೆ ಮಾತ್ರ ಹಾಕುವ ಚಪ್ಪಲಿ ಇಟ್ಟುಕೊಳ್ಳಿ. ಹೊರಗಿನದು ಹೊರಗೇ ಇರಲಿ, ಅಂಬೆಗಾಲಿಡುವ ಮಗು ಆ ನೆಲ ಮುಟ್ಟಿದ ಕೈಯನ್ನೇ ಬಾಯಿಗಿಡುತ್ತದೆ.

ಇನ್ನು ಸಂಜೆಯ ಮುಜುಗರ. ಇದಕ್ಕೆ ನಾನು ಕಂಡುಕೊಂಡ ದಾರಿ ಸುಲಭದ್ದು. ಬಾಗಿಲ ಹತ್ತಿರದ ಗೂಟದಲ್ಲಿ ಒಂದು ಒಗೆದ ಟಾಪ್ ಸದಾ ನೇತಾಡುತ್ತಿರಲಿ. ಮೊದಲ ಅಪ್ಪನೋ ಅಮ್ಮನೋ ಬರುವ ಸ್ವಲ್ಪ ಮುಂಚೆ, ಮಕ್ಕಳನ್ನು ನೋಡಲು ಇನ್ನೊಬ್ಬರು ಇದ್ದರೆ ಅದನ್ನು ಹಾಕಿಕೊಳ್ಳಿ. ಯಾರೂ ಇಲ್ಲದ ದಿನ ಬಿಟ್ಟುಬಿಡಿ, ಬಟ್ಟೆ ಬದಲಿಸಲು ಮಕ್ಕಳನ್ನು ಒಂಟಿ ಬಿಡುವಷ್ಟು ದೊಡ್ಡ ವಿಷಯ ಅಲ್ಲ ಅದು. ಬಣ್ಣ ಹತ್ತಿದ ತೋಳು ನೋಡಿ ಯಾವ ಅಮ್ಮನೂ ಬೇಜಾರು ಮಾಡಿಕೊಳ್ಳುವುದಿಲ್ಲ, ಮಗು ಇವತ್ತು ಬಣ್ಣದಲ್ಲಿ ಆಡಿತು ಅಂತ ಅವಳಿಗೆ ಗೊತ್ತಾಗುತ್ತದೆ. ನಿನ್ನೆಯ ಕಲೆ ಇವತ್ತೂ ಕಂಡರೆ ಮಾತ್ರ ಯೋಚನೆ ಮಾಡುತ್ತಾಳೆ, ಅದು ನ್ಯಾಯವೇ. ಅದಕ್ಕೆ ದಿನಕ್ಕೊಂದರಂತೆ ಐದು ಟಾಪ್, ಜೊತೆಗೆ ಎರಡು ಜಾಸ್ತಿ ಇಟ್ಟುಕೊಳ್ಳಿ. ಚಿಕ್ಕ ಚಿಕ್ಕ ಹೂವಿನ, ಗೆರೆಯ ಪ್ರಿಂಟು ಇದ್ದರೆ ಕಲೆ ಎದ್ದು ಕಾಣುವುದಿಲ್ಲ. ಕಡು ಬಣ್ಣದ ಮೇಲೆ ಹಾಲು ಕಕ್ಕಿದ್ದು ಬೆಳ್ಳಗೆ ಕಾಣುತ್ತದೆ, ನೋಡಿಕೊಂಡು ಕೊಳ್ಳಿ.

ಏಪ್ರನ್ ಹಾಕಲಾ ಅಂತ ಮುಂದಿನ ಸಲ ಕೇಳುತ್ತೀರಿ. ಊಟ ಮಾಡಿಸುವಾಗ, ಬಣ್ಣದ ಆಟದಲ್ಲಿ ಹಾಕಿ. ಕತ್ತಿಗೆ ದಾರ ಬರುವಂಥದ್ದು ಬೇಡ, ಮಗು ಜಗ್ಗುತ್ತದೆ. ಬೆನ್ನಿನ ಮೇಲೆ ಅಡ್ಡ ಪಟ್ಟಿ ಬರುವುದು, ಇಲ್ಲಾ ಪಕ್ಕದಲ್ಲಿ ವೆಲ್ಕ್ರೋ ಇರುವುದು ಒಳ್ಳೆಯದು.

ಪ್ರಶ್ನೆ: ಎಷ್ಟು ಒಗೆದರೂ ನನ್ನ ಕೆಲಸದ ಬಟ್ಟೆಯಿಂದ ಹಾಲು ಕಕ್ಕಿದ ವಾಸನೆ ಹೋಗುವುದೇ ಇಲ್ಲ. ಸೆಂಟ್ ಹಾಕಿಕೊಳ್ಳಬಹುದಾ?

ಉತ್ತರ: ಸೆಂಟ್ ಬೇಡ. ಘಾಟು ಪರಿಮಳದಿಂದ ಆಸ್ತಮಾ ಇರುವ ಮಗುವಿಗೆ ಉಸಿರು ಕಟ್ಟಬಹುದು, ನಿಮ್ಮ ಭುಜದ ಮೇಲೆ ಕೆನ್ನೆ ಇಟ್ಟು ಮಲಗುವ ಕೂಸಿನ ಚರ್ಮಕ್ಕೂ ಆಗಿಬರದೇ ಇರಬಹುದು. ನೀವು ಮೊದಲೇ ಬಿಸಿ ನೀರು ಹಾಕುತ್ತಿದ್ದೀರಿ ಅಂತ ನನ್ನ ಅನುಮಾನ. ಹಾಲು, ವಾಂತಿ, ರಕ್ತ ಇವಕ್ಕೆಲ್ಲ ಮೊದಲು ತಣ್ಣೀರು. ಬಿಸಿ ತಾಗಿದರೆ ಅದರಲ್ಲಿರುವ ಪ್ರೋಟೀನ್ ಗಟ್ಟಿಯಾಗಿ ನೂಲಿಗೆ ಹಿಡಿದುಕೊಳ್ಳುತ್ತದೆ. ತಣ್ಣೀರಿನಲ್ಲಿ ಜಾಲಿಸಿ, ಕಿಣ್ವ (ಎಂಜೈಮ್) ಇರುವ ಡಿಟರ್ಜೆಂಟ್‌ನಲ್ಲಿ ಅರ್ಧ ಗಂಟೆ ನೆನೆಸಿ, ಆಮೇಲೆ ಒಗೆಯಿರಿ. ವಾಂತಿ ಭೇದಿ ಇರುವ ಮಗುವಿನಿಂದ ಕೊಳೆಯಾದ ಬಟ್ಟೆಯನ್ನು ಬೇರೆಯಾಗಿ ಇಡಿ, ಜಾಲಿಸಿದ ಮೇಲೆ ಬಟ್ಟೆ ತಾಳುವುದಾದರೆ 60 ಡಿಗ್ರಿ ಬಿಸಿಯಲ್ಲಿ ಒಗೆದು ಪೂರ್ತಿ ಒಣಗಿಸಿ. ಪಾಲಿಯೆಸ್ಟರ್ ಟಾಪ್ ಆಗಿದ್ದರೆ ವಾಸನೆ ಹಿಡಿದಿಟ್ಟುಕೊಳ್ಳುವುದು ಅದರ ಗುಣ, ಹತ್ತಿಗೆ ಬದಲಾಯಿಸಿ.

ಪ್ರಶ್ನೆ: ನಾನು ನಾಲ್ಕು ತಿಂಗಳ ಬಸುರಿ. ಮಕ್ಕಳ ಜೊಲ್ಲು, ಉಚ್ಚೆ ಬಟ್ಟೆಗೆ ತಾಗುತ್ತಲೇ ಇರುತ್ತದೆ. ತೊಂದರೆ ಇದೆಯಾ?

ಉತ್ತರ: ಹೆದರಬೇಡಿ, ಆದರೆ ಹಗುರವಾಗಿಯೂ ತೆಗೆದುಕೊಳ್ಳಬೇಡಿ. ಸೈಟೊಮೆಗಾಲೊವೈರಸ್ ಅಂತ ಒಂದು ವೈರಾಣು ಇದೆ, ನೋಡಲು ಆರೋಗ್ಯವಾಗಿಯೇ ಇರುವ ಪುಟ್ಟ ಮಕ್ಕಳ ಜೊಲ್ಲು ಮತ್ತು ಮೂತ್ರದಲ್ಲಿ ತಿಂಗಳುಗಟ್ಟಲೆ ಇರಬಹುದು. ಬಸುರಿಯಲ್ಲಿ ತಗುಲಿದರೆ ಹೊಟ್ಟೆಯಲ್ಲಿರುವ ಮಗುವಿನ ಕಿವಿ ಕೇಳಿಸುವಿಕೆಗೆ ತೊಂದರೆ ಆಗುವ ಸಾಧ್ಯತೆ ಇರುತ್ತದೆ. ಬಟ್ಟೆಗಿಂತ ನಿಮ್ಮ ಕೈಯೇ ಮುಖ್ಯ ಇಲ್ಲಿ. ಡಯಾಪರ್ ಬದಲಿಸಿದ ಮೇಲೆ, ಮೂಗು ಬಾಯಿ ಒರೆಸಿದ ಮೇಲೆ ಸೋಪಿನಲ್ಲಿ ತೊಳೆಯಿರಿ. ಮಗು ತಿಂದ ಚಮಚ ನಿಮ್ಮ ಬಾಯಿಗೆ ಬೇಡ, ಮುದ್ದು ಮಾಡುವುದಾದರೆ ತುಟಿಗೆ ಬೇಡ, ನೆತ್ತಿಗೆ ಮಾಡಿ. ಒದ್ದೆಯಾದ ಟಾಪ್ ತಕ್ಷಣ ಬದಲಿಸಿ, ನಿಮಗೆ ದಿನಕ್ಕೆ ಎರಡು ಜೊತೆ ಬೇಕಾಗುತ್ತದೆ. ಹೊಟ್ಟೆ ಬೆಳೆದ ಹಾಗೆ ಸೊಂಟ ಬಿಗಿಯುವ ಪ್ಯಾಂಟು ಬಿಟ್ಟುಬಿಡಿ. ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ನಿಮ್ಮ ಕೆಲಸ ಇಂಥದ್ದು ಅಂತ ನೀವಾಗಿಯೇ ಹೇಳಿ, ಅವರು ಕೇಳಲಿ ಅಂತ ಕಾಯಬೇಡಿ.