ಬಾವಿ ಇರುವ ಅಂಗಳದಲ್ಲಿ ಗೊಬ್ಬರಗುಂಡಿ ತೋಡಬೇಡಿ

ಗುಂಡಿ ಎಷ್ಟು ಆಳ ಇರಬೇಕು ಎಂದು ಕೇಳಿದ್ದೀರಿ. ನಿಮ್ಮದು ಕಾರವಾರದಲ್ಲಿ ಅಂಗಳ ಇರುವ ಮನೆ, ಮೂಲೆಯಲ್ಲಿ ಬಾವಿ, ಶಿರಸಿ ಕಡೆಯ ಅಜ್ಜನ ಮನೆಯಲ್ಲಿ ಕಂಡ ಗೊಬ್ಬರಗುಂಡಿಯ ನೆನಪು. ಮಳೆಗೆ ಮುಂಚೆ ಅಂಥದ್ದೇ ಒಂದು ತೋಡಿ ಅಡುಗೆಮನೆಯ ಹಸಿಕಸವನ್ನೆಲ್ಲ ಅದಕ್ಕೇ ಹಾಕಬೇಕು ಎಂಬ ಆಸೆ. ಇದೇ ಆಸೆಯಿಂದ ಕುಮಟಾದಲ್ಲಿ ನಾನು ನಾಲ್ಕು ಅಡಿ ಆಳ ತೋಡಿದ್ದೆ. ಹಾಗಾಗಿ ಆಳದ ಲೆಕ್ಕ ಕೊಡುವುದಿಲ್ಲ. ತೋಡಲೇಬೇಡಿ.

ಮೂರು ಅಡಿ ಉದ್ದ, ಮೂರು ಅಡಿ ಅಗಲ, ನಾಲ್ಕು ಅಡಿ ಆಳ. ಬಾವಿಯಿಂದ ಇಪ್ಪತ್ತೈದು ಅಡಿ ದೂರ. ಮೇ ತಿಂಗಳಿಡೀ ಒಂದು ತೊಂದರೆಯೂ ಇರಲಿಲ್ಲ. ಸಿಪ್ಪೆ ಹಾಕಿ ಮೇಲೆ ಮಣ್ಣು ಎಳೆದರೆ ಮುಗಿಯಿತು. ಜೂನ್ ಮೊದಲ ವಾರ ಮಳೆ ಹಿಡಿಯಿತು, ಗುಂಡಿಗೆ ತಾಡಪತ್ರಿ ಮುಚ್ಚಿ ನಾಲ್ಕೂ ಅಂಚಿಗೆ ಕಲ್ಲು ಹೇರಿದೆ. ಒಂದು ಹನಿಯೂ ಒಳಗೆ ಇಳಿಯದಂತೆ. ಜುಲೈ ಮಧ್ಯದಲ್ಲಿ ತಾಡಪತ್ರಿ ಎತ್ತಿದಾಗ ಒಳಗೆ ಕಪ್ಪು ನೀರು ನಿಂತಿತ್ತು, ಬಾಳೆಕಾಯಿ ಸಿಪ್ಪೆಗಳು ಅದರ ಮೇಲೆ ತೇಲುತ್ತಿದ್ದವು, ಕೋಲು ಆಡಿಸಿದಲ್ಲೆಲ್ಲ ಗುಳ್ಳೆ ಏಳುತ್ತಿತ್ತು.

ನೀರು ಮೇಲಿನಿಂದ ಬರುತ್ತದೆ ಎಂದುಕೊಂಡು ಮುಚ್ಚಿದ್ದೆ. ಬಂದದ್ದು ಕೆಳಗಿನಿಂದ. ನನಗೆ ದುಬಾರಿಯಾದ ತಪ್ಪು ಇದೊಂದೇ, ಆದ್ದರಿಂದ ಇದನ್ನು ಬಿಡಿಸಿ ಹೇಳುತ್ತೇನೆ. ನಮ್ಮ ಕರಾವಳಿಗೆ ವರ್ಷಕ್ಕೆ 3000 ಮಿ.ಮೀ.ಗೂ ಹೆಚ್ಚು ಮಳೆ, ಅದರ ಬಹುಪಾಲು ಬೀಳುವುದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ನೆಲ ಮರಳು ಇಲ್ಲವೇ ಚಿರೇಕಲ್ಲಿನದು (ಜಂಬಿಟ್ಟಿಗೆ), ಎರಡೂ ನೀರನ್ನು ಸಲೀಸಾಗಿ ಬಿಟ್ಟುಕೊಡುತ್ತವೆ. ಬಾವಿಗೆ ಇಣುಕಿದರೆ ಕಾಣುವ ನೀರು ಬಾವಿಯದ್ದಷ್ಟೇ ಅಲ್ಲ. ಅಂಗಳದ ಮಣ್ಣಿನೊಳಗೂ ಹೆಚ್ಚುಕಡಿಮೆ ಅದೇ ಮಟ್ಟಕ್ಕೆ ನೀರು ನಿಂತಿರುತ್ತದೆ. ಮೇ ಕೊನೆಯಲ್ಲಿ ನಮ್ಮ ಬಾವಿಯ ನೀರು ನೆಲಮಟ್ಟದಿಂದ ಹದಿನೆಂಟು ಅಡಿ ಕೆಳಗಿತ್ತು. ಜುಲೈ ಮಧ್ಯಕ್ಕೆ ಎರಡೂವರೆ ಅಡಿ. ಅಂದರೆ ನಾಲ್ಕು ಅಡಿ ಗುಂಡಿಯ ತಳ ಒಂದೂವರೆ ಅಡಿ ನೀರಿನೊಳಗೆ. ತಾಡಪತ್ರಿ ಅದನ್ನು ಹೇಗೆ ತಡೆಯಬೇಕು? ತಡೆಯಲಿಲ್ಲ ಅಷ್ಟೇ ಅಲ್ಲ, ಮೇಲಿನಿಂದ ಹೋಗಬಹುದಾಗಿದ್ದ ಚೂರು ಗಾಳಿಯನ್ನೂ ಅದು ನಿಲ್ಲಿಸಿತು.

ಗಾಳಿ ಸಿಗದ ಹಸಿಕಸ ಗೊಬ್ಬರವಾಗುವುದಿಲ್ಲ, ಕೊಳೆಯುತ್ತದೆ. ಎರಡೂ ಬೇರೆ ಕೆಲಸ, ಮಾಡುವ ಜೀವಾಣುಗಳೂ ಬೇರೆ. ಗಾಳಿ ಇದ್ದರೆ ರಾಶಿ ಬಿಸಿಯಾಗುತ್ತದೆ, ಒಳಗೆ 55–60 ಡಿಗ್ರಿ ಸೆಲ್ಸಿಯಸ್‌ವರೆಗೂ ಏರಬಹುದು, ಕೊನೆಗೆ ಮಣ್ಣಿನ ವಾಸನೆಯ ಗೊಬ್ಬರ ಉಳಿಯುತ್ತದೆ. ಗಾಳಿ ಇಲ್ಲದಿದ್ದರೆ ಕೊಳೆತ ಮೊಟ್ಟೆಯ ನಾತದ ಹೈಡ್ರೋಜನ್ ಸಲ್ಫೈಡ್, ಜೊತೆಗೆ ಮೀಥೇನ್. ನೂರು ವರ್ಷದ ಲೆಕ್ಕದಲ್ಲಿ ಮೀಥೇನ್ ಇಂಗಾಲದ ಡೈಆಕ್ಸೈಡ್‌ಗಿಂತ 25 ಪಟ್ಟಿಗೂ ಹೆಚ್ಚು ಭೂಮಿಯನ್ನು ಕಾಯಿಸುತ್ತದೆ. ಊರಾಚೆಯ ಕಸದ ರಾಶಿಯೊಳಗೆ ನಡೆಯುವುದೂ ಇದೇ. ಪರಿಸರಕ್ಕೆ ಒಳ್ಳೆಯದಾಗಲಿ ಎಂದು ಹೊರಟು ಆ ರಾಶಿಯ ಒಂದು ತುಂಡನ್ನು ಅಂಗಳಕ್ಕೆ ತಂದುಕೊಂಡ ಹಾಗಾಯಿತು.

ಆಮೇಲೆ ಬಾವಿ. ನೀರು ತೆಳು ಚಹಾದ ಬಣ್ಣಕ್ಕೆ ತಿರುಗಿತು, ಕಾಯಿಸುವಾಗ ವಾಸನೆ ಬಂತು. ಆಗ ಗಾಬರಿಯಲ್ಲಿ ಮೊದಲು ಮಾಡಿದ್ದು ಬ್ಲೀಚಿಂಗ್ ಪೌಡರ್ ಹಾಕಿದ್ದು. ಕ್ರಮವೇ ತಪ್ಪು. ಗುಂಡಿಯ ಕೊಳೆ ಅಲ್ಲೇ ಇರುವ ತನಕ ಅದರ ರಸ ನೆಲದೊಳಗಿನ ನೀರಿನ ಜೊತೆ ಬಾವಿಗೆ ಜಿನುಗುತ್ತಲೇ ಇರುತ್ತದೆ. ನೀರಿನಲ್ಲಿರುವ ಸಾವಯವ ಕಸವೇ ಕ್ಲೋರಿನ್ನನ್ನು ತಿಂದು ಮುಗಿಸುತ್ತದೆ, ರೋಗಾಣುವಿಗೆ ಏನೂ ಉಳಿಯುವುದಿಲ್ಲ. ಮೂರನೇ ದಿನ ವಾಸನೆ ಮತ್ತೆ ಬಂತು. ಗುಂಡಿಯನ್ನು ಬಕೆಟ್ಟಿನಲ್ಲಿ ಬಳಿದು ತೆಗೆದು, ಎತ್ತರದ ಜಾಗಕ್ಕೆ ಒಯ್ದು ಒಣ ಎಲೆಯ ಜೊತೆ ಕಲಸಿ, ಗುಂಡಿಗೆ ಮಣ್ಣು ತುಂಬಿ, ಪಂಪು ಹಚ್ಚಿ ಬಾವಿ ಎರಡು ಸಲ ಖಾಲಿ ಮಾಡಿದ ಮೇಲಷ್ಟೇ ಬ್ಲೀಚಿಂಗಿಗೆ ಅರ್ಥ ಬಂದದ್ದು. ಮಳೆಗಾಲ ಮುಗಿಯುವ ತನಕ ಕುಡಿಯುವ ನೀರು ಪಕ್ಕದ ಮನೆಯಿಂದ.

ಬಾವಿಗೆ ಎಷ್ಟು ಬ್ಲೀಚಿಂಗ್ ಪೌಡರ್ ಎಂಬ ಲೆಕ್ಕ ಯಾರಿಗಾದರೂ ಬೇಕಾಗಬಹುದು. ಬಾವಿಯ ವ್ಯಾಸ ಮತ್ತು ನೀರಿನ ಆಳ ಎರಡನ್ನೂ ಮೀಟರಿನಲ್ಲಿ ಅಳೆಯಿರಿ. ವ್ಯಾಸವನ್ನು ವ್ಯಾಸದಿಂದಲೇ ಗುಣಿಸಿ, ಆಳದಿಂದ ಗುಣಿಸಿ, 3.14ರಿಂದ ಗುಣಿಸಿ, 4ರಿಂದ ಭಾಗಿಸಿ. ಬಂದದ್ದನ್ನು 1000ದಿಂದ ಗುಣಿಸಿದರೆ ಲೀಟರ್. ವ್ಯಾಸ 2.4 ಮೀಟರ್, ನೀರು 3 ಮೀಟರ್ ಇದ್ದರೆ ಸುಮಾರು 13,500 ಲೀಟರ್. ಪ್ರತಿ 1000 ಲೀಟರಿಗೆ ಒಳ್ಳೆಯ ಬ್ಲೀಚಿಂಗ್ ಪೌಡರ್ 2.5 ಗ್ರಾಂ, ಅಂದರೆ 34 ಗ್ರಾಂ. ಇದು ಸಾಧಾರಣ ಸ್ಥಿತಿಯ ನೀರಿನ ಲೆಕ್ಕ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಸ್ವಲ್ಪ ನೀರು ಹಾಕಿ ಮೆತ್ತಗೆ ಕಲಸಿ, ಮುಕ್ಕಾಲು ಬಕೆಟ್ ನೀರು ತುಂಬಿ, ಹತ್ತು ನಿಮಿಷ ಬಿಡಿ. ತಳದಲ್ಲಿ ನಿಂತ ಸುಣ್ಣ ಬಾವಿಗೆ ಬೇಡ. ಮೇಲಿನ ತಿಳಿಯನ್ನು ಇನ್ನೊಂದು ಬಕೆಟ್ಟಿಗೆ ಬಸಿದು, ಹಗ್ಗ ಕಟ್ಟಿ ಬಾವಿಗಿಳಿಸಿ, ನೀರಿನೊಳಗೆ ಮೇಲೆ ಕೆಳಗೆ ಆಡಿಸಿ. ಕನಿಷ್ಠ ಒಂದು ಗಂಟೆ ನೀರು ಮುಟ್ಟಬಾರದು. ಕಳೆದ ವರ್ಷ ಬಾಯಿ ತೆರೆದಿಟ್ಟ ಪೊಟ್ಟಣದ ಪುಡಿ ನಮ್ಮ ತೇವದ ಹವೆಗೆ ಸತ್ತಿರುತ್ತದೆ, ಹೊಸದೇ ತನ್ನಿ.

ಈಗ ನಿಮ್ಮ ಅಜ್ಜನ ಗುಂಡಿಯ ವಿಷಯ. ಅವರು ತಪ್ಪು ಮಾಡಿರಲಿಲ್ಲ. ಆದರೆ ಅವರ ಗುಂಡಿಯಲ್ಲಿದ್ದದ್ದು ಅಡುಗೆಮನೆಯ ಹಸಿಕಸ ಅಲ್ಲ. ಕೊಟ್ಟಿಗೆಯಲ್ಲಿ ದನದ ಕಾಲಡಿ ಹಾಸಿ ತೆಗೆದ ಸೊಪ್ಪು, ದರಕು (ಉದುರಿದ ಒಣ ಎಲೆ), ಸಗಣಿ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನ ಬೆಟ್ಟ, ಅಂದರೆ ಸೊಪ್ಪು, ದರಕು ತರುವ ಕಾಡು, ಬಿಟ್ಟುಕೊಟ್ಟದ್ದು ಸುಮ್ಮನೆ ಅಲ್ಲ. ಒಂದು ಬುಟ್ಟಿ ಸಗಣಿಗೆ ಎಷ್ಟೋ ಬುಟ್ಟಿ ಎಲೆ ಬೇಕಿತ್ತು. ಮನೆ, ಕೊಟ್ಟಿಗೆ ಗುಡ್ಡದ ಇಳಿಜಾರಿನಲ್ಲಿ ಇದ್ದುದರಿಂದ ಬಿದ್ದ ನೀರು ತಗ್ಗಿಗೆ ಇಳಿದು ಹೋಗುತ್ತಿತ್ತು. ಅಲ್ಲಿಂದ ನೀವು ತರಬೇಕಾದದ್ದು ದರಕು. ಗುಂಡಿ ಅಲ್ಲ.

ಕರೆಂಟಿನ ಗೊಬ್ಬರ ಯಂತ್ರ ತರಲೇ ಎಂದೂ ಕೇಳಿದ್ದೀರಿ. ನನ್ನ ಮಾತು ಕೇಳುವುದಾದರೆ ಬೇಡ. ಅವುಗಳಲ್ಲಿ ಹೆಚ್ಚಿನವು ಮಾಡುವುದು ಕಸವನ್ನು ಕಾಯಿಸಿ ಒಣಗಿಸಿ ಪುಡಿ ಮಾಡುವುದನ್ನು. ಆ ಪುಡಿ ನೆನೆದರೆ ಮತ್ತೆ ಕೊಳೆಯಲು ಶುರು. ನಮ್ಮಲ್ಲಿ ನೆನೆಯದೇ ಇರುವ ವಸ್ತು ಜುಲೈನಲ್ಲಿ ಯಾವುದಿದೆ?

ಮಾಡಬೇಕಾದದ್ದು ನೆಲದ ಮೇಲೆ. ಬಾವಿಯಿಂದ ಐವತ್ತು ಅಡಿ ದೂರ, ಅಂಗಳದಲ್ಲಿ ಮಳೆನೀರು ಹರಿದುಹೋಗುವ ದಿಕ್ಕು ನೋಡಿಕೊಂಡು ಬಾವಿಗಿಂತ ತಗ್ಗಿನ ಕಡೆಗೆ, ಆದರೆ ನೀರು ನಿಲ್ಲದ ಜಾಗದಲ್ಲಿ. ಅಷ್ಟು ದೂರ ಸಿಗದಿದ್ದರೆ ರಾಶಿಯೇ ಬೇಡ, ಕೊನೆಗೆ ಹೇಳುವ ಬಕೆಟ್ ಮಾಡಿ. ನಾಲ್ಕು ಚಿರೇಕಲ್ಲು ಇಟ್ಟು ಅದರ ಮೇಲೆ ಅಡಿಕೆ ದಬ್ಬೆಗಳನ್ನು (ಸೀಳಿದ ಅಡಿಕೆ ಮರದ ಪಟ್ಟಿ) ಬೆರಳು ಸಂದು ಬಿಟ್ಟು ಸಾಲಾಗಿ ಹಾಸಿ. ನೆಲದಿಂದ ಒಂದು ಅಡಿ ಎತ್ತರ ಸಿಗಬೇಕು. ಗಾಳಿ ಹೋಗುವುದು ಅಡಿಯಿಂದ, ಸಂದು ಮುಚ್ಚಿದರೆ ಎಲ್ಲ ವ್ಯರ್ಥ. ಮೂರು ಅಡಿ ಎತ್ತರದ ತಂತಿ ಜಾಲರಿ ಹತ್ತು ಅಡಿ ಉದ್ದ ಕತ್ತರಿಸಿ ಸುತ್ತಿ ಕಟ್ಟಿದರೆ ಮೂರು ಅಡಿ ವ್ಯಾಸದ ಗೂಡು. ಇದಕ್ಕಿಂತ ಚಿಕ್ಕದಾದರೆ ರಾಶಿ ಬಿಸಿ ಹಿಡಿಯುವುದಿಲ್ಲ. ಹೊರಗಿನಿಂದ ತೆಂಗಿನ ಗರಿ ನೇಯ್ದ ತಟ್ಟಿ ಕಟ್ಟಿ, ಇರಚಲು ತಡೆಯುತ್ತದೆ, ಉಸಿರಾಡಲೂ ಬಿಡುತ್ತದೆ. ಮೇಲೆ ಹಳೆಯ ತಗಡು, ರಾಶಿಗೂ ತಗಡಿಗೂ ನಡುವೆ ಒಂದು ಅಡಿ ಬಿಟ್ಟು, ಒಂದು ಕಡೆ ಇಳಿಜಾರಾಗಿ, ಸುತ್ತ ಒಂದೊಂದು ಅಡಿ ಹೊರಗೆ ಚಾಚಿರಬೇಕು. ತಗಡನ್ನು ಕಲ್ಲು ಹೇರಿ ಬಿಡಬೇಡಿ, ಕಂಬಕ್ಕೆ ಬಿಗಿಯಿರಿ. ಕಾರವಾರದ ಜೂನ್ ಗಾಳಿಗೆ ಕಲ್ಲು ಸಾಲದು.

ಇದೆಲ್ಲ ಒಂದು ದಿನದ ಕೆಲಸ. ನಿಜವಾದ ಕೆಲಸ ದರಕು ಕೂಡಿಡುವುದು, ಹೆಚ್ಚಿನವರು ಸೋಲುವುದೂ ಅಲ್ಲೇ.

ನಾಲ್ಕು ಜನರ ಮನೆಯಲ್ಲಿ ದಿನಕ್ಕೆ ಮುಕ್ಕಾಲು ಕಿಲೋ ಹಸಿಕಸ ಎಂದುಕೊಳ್ಳಿ, ಹೆಚ್ಚುಕಡಿಮೆ ಒಂದೂವರೆ ಲೀಟರ್ ಜಾಗ ಹಿಡಿಯುತ್ತದೆ. ಅದಕ್ಕೆ ಎರಡು ಪಾಲು, ಅಂದರೆ ಮೂರು ಲೀಟರ್ ಒಣ ಎಲೆ, ಕೈಯಲ್ಲಿ ಪುಡಿ ಮಾಡಿ ಒತ್ತಿದ್ದು. ಮಳೆಗಾಲದ 120 ದಿನಕ್ಕೆ 360 ಲೀಟರ್. ಐವತ್ತು ಕಿಲೋ ಅಕ್ಕಿ ಚೀಲದಲ್ಲಿ ಕಾಲಿನಿಂದ ತುಳಿದು ತುಂಬಿದರೆ ಎಂಬತ್ತು ಲೀಟರ್ ಹಿಡಿಯುತ್ತದೆ. ಐದು ಚೀಲ ಆಯಿತು, ತಳಕ್ಕೆ ಹಾಸಲು ಮತ್ತು ತೀರಾ ನೀರಾದ ದಿನಕ್ಕೆ ಇನ್ನೆರಡು. ಏಳು ಚೀಲ, ಮಾಡಿನ ಕೆಳಗೆ, ನೆಲ ಮುಟ್ಟದ ಹಾಗೆ ಹಲಗೆಯ ಮೇಲೆ. ಜೂನ್‌ನಲ್ಲಿ ಹುಡುಕಿದರೆ ಊರಿನಲ್ಲಿ ಒಂದು ಹಿಡಿ ಒಣ ಎಲೆ ಸಿಗುವುದಿಲ್ಲ. ಜನವರಿಯಿಂದ ಮಾರ್ಚ್ ತನಕ ಮಾತ್ರ ಇದು ಪುಕ್ಕಟೆ, ಬೀದಿಬೀದಿಯಲ್ಲಿ ಗುಡಿಸಿ ಬೆಂಕಿ ಹಚ್ಚುತ್ತಿರುತ್ತಾರೆ. ಬೆಂಕಿ ಕಡ್ಡಿ ಗೀರುವ ಮೊದಲು ಹೋಗಿ ಕೇಳಿ ತನ್ನಿ. ಆ ಹೊಗೆ ತಪ್ಪಿಸಿದ್ದೂ ಲೆಕ್ಕಕ್ಕೆ ಬರುತ್ತದೆ.

ಎಲ್ಲ ಎಲೆಯೂ ಒಂದೇ ಅಲ್ಲ. ಹಲಸು, ಮಾವು, ಗೇರು ಎಲೆ ದಪ್ಪ, ಮುರಿದು ಹಾಕಿ. ಅಕೇಶಿಯಾ ನಿಧಾನ. ಸಮುದ್ರ ದಂಡೆಯ ಗಾಳಿಮರದ ಸಣ್ಣ ಕಡ್ಡಿ ಬೇಗ ಕರಗುವುದಿಲ್ಲ, ಆದರೆ ರಾಶಿ ಒತ್ತಿ ಅಂಟಿಕೊಳ್ಳದಂತೆ ಸಂದು ಹಿಡಿದಿಡುತ್ತದೆ, ಹತ್ತರಲ್ಲಿ ಎರಡು ಪಾಲು ಇದು ಇರಲಿ. ಮರದ ಮಿಲ್ಲಿನ ಹೊಟ್ಟು ಒಂದೊಂದು ಹಿಡಿ ಸಾಕು. ಪ್ಲೈವುಡ್ ಕೊಯ್ದ ಹೊಟ್ಟಿನಲ್ಲಿ ಅಂಟು ಇರುತ್ತದೆ, ಬೇಡ. ಬಚ್ಚಲೊಲೆಯ ಬೂದಿ ವಾರಕ್ಕೆ ಒಂದು ಹಿಡಿಗಿಂತ ಹೆಚ್ಚು ಹಾಕಬೇಡಿ, ಕ್ಷಾರ ಹೆಚ್ಚಾದರೆ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ.

ತಳಕ್ಕೆ ಅರ್ಧ ಅಡಿ ಕಡ್ಡಿ, ತೆಂಗಿನ ಸಿಪ್ಪೆ. ಅದರ ಮೇಲೆ ಒಂದು ಅಡಿ ದರಕು. ನಡುವೆ ಕುಳಿ ಮಾಡಿ ಆ ದಿನದ ಕಸ ಹಾಕಿ, ಎರಡು ಪಾಲು ದರಕು ಸೇರಿಸಿ ಕೈಗೋಲಿನಿಂದ ಕಲಸಿ, ಮೇಲೆ ನಾಲ್ಕು ಬೆರಳು ದಪ್ಪ ಒಣ ಎಲೆ ಮುಚ್ಚಿ. ಕಸ ಕಣ್ಣಿಗೆ ಬೀಳಬಾರದು. ಶುರುವಿಗೆ ಅರ್ಧ ಬಕೆಟ್ ಸಗಣಿ ನೀರು ಇಲ್ಲವೇ ಹುಳಿ ಮಜ್ಜಿಗೆ ಚಿಮುಕಿಸಿದರೆ ಸಾಕು, ಅಂಗಡಿಯ ಪುಡಿ ಬೇಕಿಲ್ಲ. ಗಂಜಿ, ಸಾರು, ಪಲ್ಯದ ನೀರು ಬಸಿದೇ ಹಾಕಿ. ವಾರಕ್ಕೊಮ್ಮೆ ಅಡಿಯಿಂದ ಮೇಲಕ್ಕೆ ತಿರುವಿ.

ಸರಿಯಿದೆಯೇ ಎಂದು ನೋಡಲು ಒಂದು ಹಿಡಿ ತೆಗೆದು ಗಟ್ಟಿಯಾಗಿ ಹಿಂಡಿ. ಬೆರಳ ಸಂದಿನಲ್ಲಿ ಒಂದೆರಡು ಹನಿ ಬಂದರೆ ಹದ. ಧಾರೆ ಇಳಿದರೆ ಆ ದಿನವೇ ಅರ್ಧ ಚೀಲ ದರಕು ಕಲಸಿ. ಉದುರಿದರೆ ನೀರು ಚಿಮುಕಿಸಿ, ಇದು ಬೇಸಿಗೆಯ ಕತೆ, ಕೆಂಪಿರುವೆ ಸೇರಿದರೂ ಅದೇ ಅರ್ಥ. ಮೂಗು ಸುಡುವ ಅಮೋನಿಯಾ ವಾಸನೆ ಬಂದರೆ ದರಕಿಗಿಂತ ಹಸಿಕಸ ಹೆಚ್ಚಾಗಿದೆ. ಕೊಳೆತ ಮೊಟ್ಟೆಯ ನಾತ ಬಂದರೆ ಗಾಳಿ ಇಲ್ಲ, ದಬ್ಬೆಯ ಸಂದು ನೋಡಿ. ಬಿಳಿ ಬೂಷ್ಟು ಕಂಡರೆ ಖುಷಿಪಡಿ. ಚಪ್ಪಟೆ ದೇಹದ, ಬೂದುಗಂದು ಬಣ್ಣದ, ಉಗುರುದ್ದ ಹುಳುಗಳು ಬಂದರೆ ಹೆದರಬೇಡಿ, ಅವು ಕಪ್ಪು ಸೈನಿಕ ನೊಣದ ಮರಿಗಳು, ಕಸವನ್ನು ಬೇಗ ತಿಂದು ಮುಗಿಸುತ್ತವೆ, ಮನೆಯೊಳಗೆ ಬರುವುದಿಲ್ಲ. ಸಣ್ಣ ಬಿಳಿ ಹುಳು ಬಂದರೆ ಮುಚ್ಚಿಗೆ ಸಾಲಲಿಲ್ಲ ಎಂದು.

ಮೀನಿನ ತಲೆ, ಸಿಗಡಿ ಸಿಪ್ಪೆ ಕಾರವಾರದ ಮನೆಯಲ್ಲಿ ಇರುವುದೇ. ಮಳೆಗಾಲದಲ್ಲಿ ರಾಶಿಗೆ ಬೇಡ, ನಾಯಿ ಬಂದು ಜಾಲರಿ ಹರಿಯುತ್ತದೆ. ಬೇಸಿಗೆಯಲ್ಲಿ ರಾಶಿ ಬಿಸಿಯಿರುವಾಗ ನಟ್ಟನಡುವೆ ಹೂತು ಅರ್ಧ ಅಡಿ ದರಕು ಮುಚ್ಚಿದರೆ ಎಲುಬೂ ಮೆತ್ತಗಾಗುತ್ತದೆ.

ಐವತ್ತು ಅಡಿ ಸಿಗದವರಿಗೆ, ಬಾಡಿಗೆ ಮನೆಯವರಿಗೆ: ಇಪ್ಪತ್ತು ಲೀಟರಿನ ಪೇಂಟ್ ಬಕೆಟ್ ಮೂರು. ಸುತ್ತ ಮತ್ತು ತಳದಲ್ಲಿ ಸಣ್ಣ ಬೆರಳು ಹೋಗುವಷ್ಟು ತೂತು, ಪ್ರತಿ ಬಕೆಟ್ಟಿಗೆ ಮೂವತ್ತು. ಎರಡು ಇಟ್ಟಿಗೆಯ ಮೇಲಿಟ್ಟು ಅಡಿಗೆ ತಟ್ಟೆ. ಅದೇ ಪಾಲು, ಅದೇ ಮುಚ್ಚಿಗೆ. ಜಗಲಿಯಲ್ಲಿ ಇಡಿ. ಇದು ಬಿಸಿ ಹಿಡಿಯುವುದಿಲ್ಲ, ಹಾಗಾಗಿ ಸಿಪ್ಪೆಯನ್ನು ಸಣ್ಣಗೆ ಹೆಚ್ಚಿ ಹಾಕಬೇಕು. ಒಂದು ತುಂಬಿದ ಮೇಲೆ ಇನ್ನೊಂದು. ಮೂರನೆಯದು ತುಂಬುವ ಹೊತ್ತಿಗೆ ಮೊದಲನೆಯದು ಕುಗ್ಗಿ ಸ್ವಲ್ಪ ಇಳಿದಿರುತ್ತದೆ. ತಟ್ಟೆಯ ರಸವನ್ನು ಹತ್ತು ಪಾಲು ನೀರಿಗೆ ಕಲಸಿ ಬಾಳೆ ಬುಡಕ್ಕೆ ಹಾಕಿ, ತುಳಸಿಗೂ ಸೊಪ್ಪಿಗೂ ಬೇಡ.

ಗೂಡಿನ ಗೊಬ್ಬರ ಬೇಸಿಗೆಯಲ್ಲಿ ಎರಡೂವರೆ ತಿಂಗಳು, ಮಳೆಗಾಲದಲ್ಲಿ ನಾಲ್ಕು. ಆಯಿತೋ ಇಲ್ಲವೋ ಅನುಮಾನ ಇದ್ದರೆ ಒಂದು ಹಿಡಿಯನ್ನು ಒದ್ದೆ ಮಾಡಿ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಮೂರು ದಿನ ಇಡಿ. ಬಿಚ್ಚಿದಾಗ ಮಣ್ಣಿನ ವಾಸನೆ ಬಂದರೆ ತೋಟಕ್ಕೆ, ಹುಳಿ ವಾಸನೆ ಬಂದರೆ ವಾಪಸ್ ಗೂಡಿಗೆ.

ಬಟ್ಟೆ ಚೀಲ, ಎಲ್ಇಡಿ ಬಲ್ಬು, ಹಲ್ಲುಜ್ಜುವಾಗ ನಲ್ಲಿ ನಿಲ್ಲಿಸುವುದು ಎಂದು ನೀವು ಬರೆದ ಉಳಿದ ಪಟ್ಟಿ ಒಳ್ಳೆಯದೇ, ಅದನ್ನು ಯಾರೂ ಕಲಿಸಬೇಕಿಲ್ಲ. ಗುಂಡಿ ಆಗಲೇ ತೋಡಿಬಿಟ್ಟಿದ್ದರೆ ಮಾತ್ರ ಇವತ್ತೇ ಒಂದು ಕೆಲಸ ಮಾಡಿ: ಬಾವಿಯ ಕಟ್ಟೆಯಿಂದ ಗುಂಡಿಯ ಅಂಚಿಗೆ ಟೇಪು ಹಿಡಿಯಿರಿ, ಎಷ್ಟೇ ಬಂದರೂ ಒಳಗಿರುವುದನ್ನು ಮೇಲಕ್ಕೆ ತೆಗೆದು, ತೋಡಿದ ಮಣ್ಣನ್ನೇ ವಾಪಸ್ ತುಂಬಿ ಕಾಲಿನಿಂದ ತುಳಿದು ಗಟ್ಟಿ ಮಾಡಿ. ಮೊದಲ ಮಳೆ ಬಿದ್ದ ಮೇಲೆ ಆ ಜಾಗ ಒಂದು ಗೇಣು ಕುಸಿಯುತ್ತದೆ, ಅದಕ್ಕೆ ಎರಡು ಬುಟ್ಟಿ ಮಣ್ಣು ಬದಿಯಲ್ಲಿ ಉಳಿಸಿಕೊಂಡಿರಿ.