ಮೇಸ್ತ್ರಿಯ ಉತ್ತರ: ಹಳೆಯ ಪಂಪನ್ನು ಎಸೆಯಬೇಡಿ

ಪ್ರಶ್ನೆ: ಮೇಸ್ತ್ರಿಗಳೇ, ತಂದೆಯವರು ಬಿಟ್ಟುಹೋದ 1978ರ ಪೆಟ್ರೋಲ್ ಕಾರನ್ನು ನಾನೇ ಬಿಚ್ಚಿ ಜೋಡಿಸುತ್ತ ಓಡಿಸುತ್ತಿದ್ದೇನೆ. ಎಂಜಿನ್ನಿನ ಪಕ್ಕಕ್ಕಿರುವ ಫ್ಯೂಯೆಲ್ ಪಂಪಿನ ಸಣ್ಣ ತೂತಿನಿಂದ ಪೆಟ್ರೋಲ್ ತೊಟ್ಟಿಕ್ಕತೊಡಗಿತು. ಕಾರಿನ ಹೆಸರು, ವರ್ಷ ಹೇಳಿ ಹೊಸದನ್ನು ತರಿಸಿದೆ. ಬೋಲ್ಟುಗಳು ಸರಿಯಾಗಿ ಕೂತವು, ಆದರೆ ಒಳಗೆ ಟಕಟಕ ಸದ್ದು. ಪೆಟ್ರೋಲ್ ಮಾತ್ರ ಬರಲಿಲ್ಲ. ಬೇಸತ್ತು, ಎಲ್ಲ ವಾಹನಗಳಿಗೂ ಹೊಂದುತ್ತದೆ ಎಂದು ಬರೆದಿದ್ದ ವಿದ್ಯುತ್ ಪಂಪ್ ಹಾಕಿದೆ. ಪೆಟ್ಟಿಗೆಯ ಮೇಲೆ ಒತ್ತಡ 3 ಬಾರ್ ಎಂದಿದೆ. ಈಗ ಕಾರ್ಬುರೇಟರ್ ತುಂಬಿ ಹೊರಗೆ ಉಕ್ಕುತ್ತಿದೆ. ಸರಿಯಾದ ಪಂಪನ್ನು ಗುರುತಿಸುವುದು ಹೇಗೆ?

ಉತ್ತರ: ಮುಂದಿನ ಸಾಲು ಓದುವ ಮೊದಲು ಹೋಗಿ ಬ್ಯಾಟರಿಯ ತಂತಿ ಬಿಚ್ಚಿ ಬನ್ನಿ. ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ಸುರಿಯುತ್ತಿದೆ ಎಂದು ಇಷ್ಟು ಸಮಾಧಾನವಾಗಿ ಬರೆದಿದ್ದೀರಲ್ಲ, ಓದಿದ ನನ್ನ ಕೈ ನಡುಗಿತು.

ಬಿಚ್ಚಿದಿರಾ? ಸರಿ. ಪೆಟ್ರೋಲನ್ನು ಗಾಳಿಗೆ ಬೆರೆಸುವ ನಿಮ್ಮ ಕಾರ್ಬುರೇಟರಿನೊಳಗೆ, ಪೆಟ್ರೋಲಿನ ಮೇಲೆ ತೇಲುವ ಫ್ಲೋಟಿಗೆ ತಾಗಿಕೊಂಡು ಒಂದು ಪುಟ್ಟ ಸೂಜಿ ವಾಲ್ವ್ ಇದೆ. ಪೆಟ್ರೋಲನ್ನು ತಡೆದು ನಿಲ್ಲಿಸುವುದು ಅದೊಂದೇ. ಅಂಥ ಕಾರುಗಳಲ್ಲಿ ಸಾಮಾನ್ಯವಾಗಿ ಅದಕ್ಕೆ ಬೇಕಾದ ಒತ್ತಡ 0.2ರಿಂದ 0.4 ಬಾರ್. ನೀವು ಹಾಕಿದ್ದು ಇಂಜೆಕ್ಷನ್ ಕಾರಿನ, ಅಂದರೆ ಕಾರ್ಬುರೇಟರಿನ ಬದಲು ಒತ್ತಡದಿಂದ ಪೆಟ್ರೋಲ್ ಚಿಮ್ಮಿಸುವ ಕಾರಿನ ಪಂಪು. ಹತ್ತು ಪಟ್ಟು ಒತ್ತಡಕ್ಕೆ ಆ ಬಡಪಾಯಿ ಸೂಜಿ ಏನು ಮಾಡೀತು? ಒತ್ತಡದ ಅಂಕಿ ನೋಡದೆ 'ಎಲ್ಲ ವಾಹನಗಳಿಗೂ' ಎಂಬ ಮಾತನ್ನು ನಂಬಬೇಡಿ. ನನ್ನ ಮಟ್ಟಿಗೆ ಆ ಮಾತಿನ ಅರ್ಥ, ಯಾವ ವಾಹನಕ್ಕೂ ಅಳತೆ ತೆಗೆದು ಮಾಡಿದ್ದಲ್ಲ ಎಂದು.

ಈಗ ಹಳೆಯ ಪಂಪಿಗೆ ಬರೋಣ. ಎಸೆದಿಲ್ಲ ತಾನೇ? ತೂತಿನಿಂದ ಪೆಟ್ರೋಲ್ ಬಂದದ್ದು ಒಳಗಿನ ಡಯಾಫ್ರಂ, ಅಂದರೆ ಪೆಟ್ರೋಲ್ ಹೀರುವ ತೆಳು ರಬ್ಬರ್ ಪದರ, ಹರಿದ ಗುರುತು. ಹರಿದ ಡಯಾಫ್ರಂ ಹೊರಗೆ ಮಾತ್ರ ಸೋರುವುದಿಲ್ಲ, ಎಂಜಿನ್ ಆಯಿಲಿಗೂ ಪೆಟ್ರೋಲ್ ಇಳಿಸುತ್ತದೆ. ಆಯಿಲ್ ಮಟ್ಟ ಅಳೆಯುವ ಕಡ್ಡಿ, ಡಿಪ್‌ಸ್ಟಿಕ್ ಎಳೆದು ಮೂಸಿ ನೋಡಿ. ಮಟ್ಟ ಏರಿದ್ದರೆ, ಪೆಟ್ರೋಲ್ ವಾಸನೆ ಹೊಡೆದರೆ, ಆಯಿಲ್ ಬದಲಿಸದೆ ಎಂಜಿನ್ ಚಾಲೂ ಮಾಡಬೇಡಿ.

ಇನ್ನು ಗುರುತು ಹಿಡಿಯುವ ಕೆಲಸ. ಪಂಪನ್ನು ಸೀಮೆಎಣ್ಣೆಯಲ್ಲಿ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ. ಬೋಲ್ಟ್ ಕೂರುವ ಚಪ್ಪಟೆ ಅಂಚಿನಲ್ಲೋ ಮುಚ್ಚಳದ ಮೇಲೋ ಒತ್ತಿದ ಅಂಕಿಗಳು ಮೂಡುತ್ತವೆ. ಹುಡುಕಬೇಕಾದದ್ದು ಆ ಅಂಕಿಯನ್ನು. ಕಾರಿನ ಹೆಸರು ಮತ್ತು ವರ್ಷ ಸಾಲುವುದಿಲ್ಲ, ಏಕೆಂದರೆ ಒಂದೇ ಮಾದರಿಗೆ ಎರಡು ಮೂರು ಬಗೆಯ ಎಂಜಿನ್ ಇರುತ್ತಿದ್ದವು, ವರ್ಷದ ನಡುವೆಯೇ ಬಿಡಿಭಾಗ ಬದಲಾಗುತ್ತಿತ್ತು. ಅದರ ಮೇಲೆ, ಇಷ್ಟು ವರ್ಷಗಳಲ್ಲಿ ಯಾರೋ ಎಂಜಿನ್ನನ್ನೇ ಬದಲಿಸಿರಬಹುದು. ಆದ್ದರಿಂದ ಎಂಜಿನ್ನಿನ ಒಡಲಾದ ಬ್ಲಾಕಿನ ಮೇಲಿರುವ ಎಂಜಿನ್ ನಂಬರನ್ನೂ ಬರೆದುಕೊಳ್ಳಿ.

ಅಂಕಿ ಸವೆದುಹೋಗಿದ್ದರೆ ಹಳೆಯ ಪಂಪನ್ನೂ ಮೊದಲು ತರಿಸಿದ ಹೊಸದನ್ನೂ ಮೇಜಿನ ಮೇಲೆ ಪಕ್ಕಪಕ್ಕ ಮಲಗಿಸಿ. ಬೋಲ್ಟಿನ ತೂತು ಹೊಂದಿದರೆ ಎಲ್ಲವೂ ಹೊಂದಿತು ಎಂದು ನೀವು ಮೋಸಹೋದಿರಿ. ನೋಡಬೇಕಾದದ್ದು ಲಿವರನ್ನು: ಅದು ಎಷ್ಟು ಉದ್ದ, ಮೇಲಕ್ಕೆ ಬಾಗಿದೆಯೋ ಕೆಳಕ್ಕೋ, ತುದಿ ಯಾವ ಬದಿಗೆ ಸರಿದಿದೆ. ಎಂಜಿನ್ನಿನೊಳಗೆ ತಿರುಗುವ ಕ್ಯಾಮ್‌ಶಾಫ್ಟಿನ ಉಬ್ಬು ಒತ್ತುವುದು ಆ ತುದಿಯನ್ನು. ಎರಡು ಮಿಲಿಮೀಟರ್ ಗಿಡ್ಡವಾದರೂ ಉಬ್ಬು ಅದನ್ನು ಸವರಿಕೊಂಡು ಹೋಗುತ್ತದೆ. ನೀವು ಕೇಳಿದ ಟಕಟಕ ಬಹುಶಃ ಅದೇ.

ಪಂಪಿಗೂ ಬ್ಲಾಕಿಗೂ ನಡುವೆ ದಪ್ಪನೆಯ ಒಂದು ತುಂಡು ಇತ್ತೇ? ಅದು ಹಳೆಯ ಪ್ಯಾಕಿಂಗ್ ಅಲ್ಲ, ಬಿಸಾಡಬೇಡಿ. ಎಂಜಿನ್ನಿನ ಬಿಸಿ ಪಂಪಿಗೆ ತಾಗದಂತೆ ತಡೆಯುವುದು ಒಂದು ಕೆಲಸ, ಲಿವರ್ ಎಷ್ಟು ಒಳಗೆ ಚಾಚಬೇಕೆಂದು ನಿಗದಿ ಮಾಡುವುದು ಇನ್ನೊಂದು. ಕೆಲಸ ಕಲಿಯುತ್ತಿದ್ದಾಗ ನಾನು ಅದನ್ನು ಕಸವೆಂದು ಗುಡಿಸಿ ಹಾಕಿ ಪಂಪನ್ನು ನೇರವಾಗಿ ಬಿಗಿದೆ. ಸೆಲ್ಫ್ ಹೊಡೆದದ್ದೇ ತಡ, ಲಟ್ ಎಂದಿತು. ಲಿವರಿನ ಮುರಿದ ತುಂಡು ಎಂಜಿನ್ನಿನ ತಳದ ಆಯಿಲ್ ತೊಟ್ಟಿಯಾದ ಸಂಪಿನೊಳಗೆ. ಅದನ್ನು ತೆಗೆಯಲು ಇಡೀ ಒಂದು ದಿನ ಗಾಡಿಯ ಕೆಳಗೆ ಮಲಗಿದ್ದೆ. ನನ್ನ ಗುರುಗಳು ಸ್ಟೂಲಿನ ಮೇಲೆ ಕೂತು ಒಂದು ಮಾತೂ ಆಡದೆ ನೋಡಿದರು. ಬೈದಿದ್ದರೆ ವಾಸಿಯಿತ್ತು.

ಪೈಪುಗಳನ್ನೂ ಎಣಿಸಿ. ಎರಡಿದ್ದರೆ ಒಂದು ಒಳಕ್ಕೆ, ಒಂದು ಹೊರಕ್ಕೆ. ಮೂರಿದ್ದರೆ ಮೂರನೆಯದು ಟ್ಯಾಂಕಿಗೆ ಮರಳುವ ದಾರಿ, ಅದನ್ನು ಮುಚ್ಚಿ ಕೂರಿಸುವುದು ಬೇಡ. ಪೈಪಿನ ದಿಕ್ಕು ಬೇರೆಯಾಗಿದೆ ಎಂದು ಸರಿಯಾದ ಪಂಪನ್ನೇ ಹಿಂದಿರುಗಿಸಿದವರನ್ನು ಕಂಡಿದ್ದೇನೆ. ಸ್ಕ್ರೂ ಹಾಕಿ ಕೂರಿಸಿದ ಅನೇಕ ಪಂಪುಗಳಲ್ಲಿ ಮೇಲಿನ ಮುಚ್ಚಳವನ್ನು ತಿರುಗಿಸಿ ಕೂರಿಸಿದರೆ ದಿಕ್ಕು ತಾನೇ ಸರಿಹೋಗುತ್ತದೆ.

ಈ ಪಂಪಿನ ಒಂದು ಗುಣ ನನಗೆ ಬಹಳ ಇಷ್ಟ. ಲಿವರ್ ಡಯಾಫ್ರಮ್ಮನ್ನು ಎಳೆದು ಪೆಟ್ರೋಲ್ ಹೀರುತ್ತದೆ ಅಷ್ಟೇ; ಮುಂದಕ್ಕೆ ತಳ್ಳುವುದು ಒಳಗಿನ ಸ್ಪ್ರಿಂಗು. ಹೊರಗಿನ ಪೈಪನ್ನು ಬೆರಳಿನಿಂದ ಮುಚ್ಚಿ ಲಿವರ್ ಒತ್ತಿ ನೋಡಿ. ಕೆಲವು ಸಲ ಒತ್ತಿದ ಮೇಲೆ ಅದು ಬಿಗಿ ಕಳೆದುಕೊಂಡು ಸಡಿಲವಾಗಿ ಆಡುತ್ತದೆ. ಕಾರ್ಬುರೇಟರ್ ತುಂಬಿದಾಗ ಆಗುವುದೂ ಇದೇ: ಸ್ಪ್ರಿಂಗ್ ತಳ್ಳಲಾರದೆ ನಿಲ್ಲುತ್ತದೆ, ಲಿವರ್ ಸುಮ್ಮನೆ ಆಡುತ್ತಿರುತ್ತದೆ. ಒತ್ತಡ ನಿರ್ಧರಿಸುವುದು ಸ್ಪ್ರಿಂಗ್ ಆದ್ದರಿಂದ, ನೋಡಲು ತದ್ರೂಪಾದ ಎರಡು ಪಂಪುಗಳು ಬೇರೆ ಬೇರೆ ಒತ್ತಡ ಕೊಡಬಲ್ಲವು.

ನನ್ನನ್ನು ಕೇಳಿದರೆ, ನಿಮ್ಮ ಪಂಪು ಸ್ಕ್ರೂ ಇರುವ ಬಗೆಯದಾದರೆ ಹೊಸದನ್ನು ಹುಡುಕುವ ಗೋಜೇ ಬೇಡ. ಡಯಾಫ್ರಂ, ವಾಲ್ವುಗಳ ಕಿಟ್ ತರಿಸಿ. ಎಥೆನಾಲ್ ಬೆರೆತ ಪೆಟ್ರೋಲಿಗೆ ತಾಳುವ ರಬ್ಬರೇ ಎಂದು ವಿಚಾರಿಸಿ. ದಶಕಗಳಿಂದ ಕಪಾಟಿನಲ್ಲಿ ಬಿದ್ದಿದ್ದ ಹಳೆಯ ಸರಕು ಬೇಗ ಗಟ್ಟಿಯಾಗಿ ಬಿರಿಯುತ್ತದೆ. ಬಿಚ್ಚುವ ಮೊದಲು ಎರಡು ಹೋಳುಗಳ ಮೇಲೂ ಅರದಿಂದ ಒಂದು ಗೀರು ಎಳೆದುಕೊಳ್ಳಿ. ಸ್ಕ್ರೂಗಳನ್ನು ಕೊನೆಯ ಸುತ್ತು ಬಿಗಿಯುವಾಗ ಲಿವರನ್ನು ಪೂರ್ತಿ ಒತ್ತಿ ಹಿಡಿದಿರಿ, ಇಲ್ಲವಾದರೆ ಡಯಾಫ್ರಂ ಸೆಟೆದು ಬೇಗ ಹರಿಯುತ್ತದೆ. ಅಂಚು ಮಡಿಸಿ ಮುಚ್ಚಿದ ಪಂಪಾದರೆ ಬಿಚ್ಚಲಾಗದು, ಅಂಕಿ ಹಿಡಿದು ಹುಡುಕಲೇಬೇಕು. ಯಾವುದನ್ನೇ ಕೂರಿಸುವಾಗಲೂ ಎಂಜಿನ್ನನ್ನು ಕೈಯಿಂದ ತಿರುಗಿಸಿ ಕ್ಯಾಮ್ ಉಬ್ಬು ಆಚೆ ಹೋಗುವಂತೆ ಮಾಡಿಕೊಳ್ಳಿ. ಪಂಪು ತಳ್ಳಾಟವಿಲ್ಲದೆ ಕೂರುತ್ತದೆ.

ಪ್ರಶ್ನೆ: ನನ್ನದು 1998ರ ಇಂಜೆಕ್ಷನ್ ಕಾರು. ಟ್ಯಾಂಕಿನೊಳಗಿನ ಪಂಪನ್ನು ಎರಡು ವರ್ಷಗಳಲ್ಲಿ ಮೂರು ಬಾರಿ ಬದಲಿಸಿದೆ. ಹೊಸದು ಕೆಲವು ತಿಂಗಳಲ್ಲೇ ಕುಯ್ಯೆನ್ನತೊಡಗುತ್ತದೆ, ಏರಿನಲ್ಲಿ ಗಾಡಿ ಎಳೆಯುವುದಿಲ್ಲ. ಉತ್ತಮ ಪಂಪ್ ಯಾವುದು?

ಉತ್ತರ: ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು. ಮೂರು ಪಂಪುಗಳೂ ಕೆಟ್ಟವೇ ಇರಲಾರವು. ಅವನ್ನು ಕೊಲ್ಲುವ ಕಾರಣ ಕಾರಿನಲ್ಲೇ ಕೂತಿದೆ.

ಟ್ಯಾಂಕ್ ತೆರೆದಾಗ ಟಾರ್ಚ್ ಹಿಡಿದು ತಳ ನೋಡಿದ್ದಿರಾ? (ಕಿಡಿ ಹಾರಿಸದ, ಪೂರ್ತಿ ಮುಚ್ಚಿದ ಟಾರ್ಚ್, ದಯವಿಟ್ಟು.) ಕಂದು ಬಣ್ಣದ ಕೆಸರಿದ್ದರೆ ಅದು ತುಕ್ಕು, ಪಂಪಿನ ಬುಡದ ಜರಡಿ ಕಟ್ಟಿ, ಪಂಪು ಉಸಿರು ಕಟ್ಟಿಕೊಂಡು ದುಡಿಯುತ್ತಿದೆ. ಟ್ಯಾಂಕ್ ತೊಳೆಯದೆ ನಾಲ್ಕನೆಯದನ್ನು ಇಳಿಸಬೇಡಿ. ಹೊರಗಿನ ಫಿಲ್ಟರನ್ನೂ ಜೊತೆಗೇ ಬದಲಿಸಿ. ಆಮೇಲೆ ಪಂಪು ಓಡುತ್ತಿರುವಾಗ ಅದರ ಕನೆಕ್ಟರಿನಲ್ಲಿ ವೋಲ್ಟೇಜ್ ಅಳೆಯಿರಿ. ಬ್ಯಾಟರಿಯದಕ್ಕಿಂತ ಒಂದು ವೋಲ್ಟನ್ನೂ ಮೀರಿ ಇಳಿದಿದ್ದರೆ ದೋಷ ತಂತಿಯದು, ರಿಲೇಯದು ಅಥವಾ ಅರ್ತಿಂಗ್‌ನದು.

ಆ ಪಂಪನ್ನು ತಂಪಾಗಿಡುವುದು ಸುತ್ತಲಿನ ಪೆಟ್ರೋಲೇ. ಸೂಚಕದ ಮುಳ್ಳು ಸದಾ ಕೆಂಪಿನಲ್ಲಿ ಇಟ್ಟು ಓಡಿಸುವ ಅಭ್ಯಾಸವಿದ್ದರೆ ಬಿಡಿ. ಟ್ಯಾಂಕಿನೊಳಗೆ ಪಂಪಿಗೆ ಸಿಕ್ಕಿಸುವ ಗೇಣುದ್ದದ ಹೋಸಿನ ವಿಚಾರವೂ ಹಾಗೆಯೇ: ಸಾಮಾನ್ಯ ಪೆಟ್ರೋಲ್ ಹೋಸ್ ಒಳಗಿನಿಂದ ಮಾತ್ರ ಪೆಟ್ರೋಲ್ ತಾಳುತ್ತದೆ, ಮುಳುಗಿಸಿಟ್ಟರೆ ಹೊರಪದರ ಉಬ್ಬಿ ಹರಿಯುತ್ತದೆ. ಮುಳುಗಿರಲೆಂದೇ ಮಾಡಿದ ಹೋಸಿನ ಗುರುತು, ಎಸ್‌ಎಇ ಜೆ30ಆರ್10 ಎಂದು ಮುದ್ರಿಸಿದ್ದನ್ನೇ ಹಾಕಿ. ಒತ್ತಡದ ಅಂಕಿಯನ್ನು ನಿಮ್ಮ ಕಾರಿನ ಸರ್ವಿಸ್ ಪುಸ್ತಕದಿಂದಲೇ ತೆಗೆದುಕೊಳ್ಳಿ. ಒಂದೇ ಇಂಜೆಕ್ಟರಿನ ಕಾರುಗಳು ಸುಮಾರು 1 ಬಾರ್‌ನಲ್ಲಿ, ಸಿಲಿಂಡರಿಗೊಂದರಂತೆ ಇರುವವು ಸುಮಾರು 3 ಬಾರ್‌ನಲ್ಲಿ ಓಡುತ್ತವೆ.

ಪ್ರಶ್ನೆ: ಹಳೆಯ ಡೀಸೆಲ್ ವ್ಯಾನ್ ಬೆಳಿಗ್ಗೆ ಚಾಲೂ ಆಗುವುದೇ ಇಲ್ಲ. ಡೀಸೆಲ್ ಪಂಪ್ ಬದಲಿಸಲೇ?

ಉತ್ತರ: ಯಾವ ಪಂಪು? ಡೀಸೆಲನ್ನು ಟ್ಯಾಂಕಿನಿಂದ ತರುವ ಫೀಡ್ ಪಂಪು ಒಂದು, ಇಂಜೆಕ್ಟರುಗಳಿಗೆ ಹೊಡೆಯುವ ದುಬಾರಿ ಪಂಪು ಇನ್ನೊಂದು. ಎರಡನ್ನೂ ಸದ್ಯಕ್ಕೆ ಮುಟ್ಟಬೇಡಿ. ಬೆಳಿಗ್ಗೆ ಕೈ ಪ್ರೈಮರನ್ನು (ಡೀಸೆಲನ್ನು ಕೈಯಿಂದ ಒತ್ತಿ ತುಂಬಿಸುವ ಗುಂಡಿ) ಗಟ್ಟಿಯಾಗುವವರೆಗೆ ಒತ್ತಿ ಚಾಲೂ ಮಾಡಿ ನೋಡಿ. ಎದ್ದರೆ, ರಾತ್ರಿ ಎಲ್ಲೋ ಗಾಳಿ ಸೇರಿ ಡೀಸೆಲ್ ಹಿಂದಕ್ಕೆ ಇಳಿಯುತ್ತಿದೆ. ಆ ದುಬಾರಿ ಪಂಪಿನ ಮುಂಚೆ ಒಂದು ತುಂಡು ಪಾರದರ್ಶಕ ಪೈಪು ಜೋಡಿಸಿದರೆ ಗುಳ್ಳೆಗಳು ಕಣ್ಣಿಗೇ ಕಾಣುತ್ತವೆ. ಅಲ್ಲಿಂದ ಟ್ಯಾಂಕಿನವರೆಗೆ ಒಂದೊಂದೇ ಕ್ಲಿಪ್ಪು, ವಾಷರು ನೋಡುತ್ತ ಹಿಂದೆ ಹೋಗಿ.