ಸಂಪಾದಕರ ಉತ್ತರ: ಚೀಟಿ ಬದಲಾದ ಗೂಬೆ

‘ನ್ಯೂಯಾರ್ಕಿನ ಹರಾಜಿನಲ್ಲಿ ಡೈನೋಸಾರ್ ಕೊಂಡವರನ್ನು ಹೋದ ಸಂಚಿಕೆಯಲ್ಲಿ ನೀವು “ಎಲುಬಿನ ಶೋಕಿಯವರು” ಎಂದು ಹಂಗಿಸಿದ್ದೀರಿ. ಸ್ವಂತ ದುಡ್ಡಿನಲ್ಲಿ ಕೊಂಡರೆ ತಪ್ಪೇನು? ನಮ್ಮ ಸರಕಾರಿ ಮ್ಯೂಸಿಯಮ್ಮುಗಳಲ್ಲಿ ಧೂಳು ಒರೆಸುವವರಿಲ್ಲ. ಹಣವಂತನ ಮನೆಯಲ್ಲಿ ಎ.ಸಿ.ಯಾದರೂ ಇರುತ್ತದೆ. ನನ್ನ ಶೋಕೇಸಿನಲ್ಲಿಯೂ ಪುಣೆಯ ಒಂದು ನೀಲಿ ಕಲ್ಲಿದೆ. ನಾನೂ ಅಪರಾಧಿಯೇ? ಇನ್ನೊಂದು ಮಾತು: ನಿಮ್ಮ ಪತ್ರಿಕೆಯ ಮೊದಲ ನಾಲ್ಕು ವರ್ಷದ ಸಂಪುಟಗಳು ನನ್ನಲ್ಲಿವೆ. ಹಳೆಯ ಪತ್ರಿಕೆ ಕೂಡಿಡುವವರೊಬ್ಬರು ಒಳ್ಳೆಯ ಬೆಲೆ ಹೇಳಿದ್ದಾರೆ. ಕೊಡಲೇ?’
ನಿವೃತ್ತ ಬ್ಯಾಂಕ್ ಅಧಿಕಾರಿ, ಡೊಂಬಿವಲಿ

ರಾಯರೇ,

ನಿಮ್ಮ ಅಕ್ಷರ ನೋಡಿದರೇ ಗೊತ್ತಾಗುತ್ತದೆ, ಮೂವತ್ತು ವರ್ಷ ಲೆಡ್ಜರ್ ಬರೆದ ಕೈ ಅದು. ಒಂದು ಚಿತ್ತಿಲ್ಲ, ಒಂದು ಕಾಟಿಲ್ಲ. ಅಂಥ ಕೈಯಿಂದ ಇಂಥ ಪ್ರಶ್ನೆ ಬಂತಲ್ಲ ಎಂಬುದೇ ನನ್ನ ಬೇಸರ. ಯಾಕೆಂದರೆ ನನ್ನ ವಾದವೆಲ್ಲ ಲೆಡ್ಜರಿನದೇ.

ಮೊದಲು ನಿಮ್ಮ ಪಾಲಿನದನ್ನು ಕೊಟ್ಟುಬಿಡುತ್ತೇನೆ. ಮ್ಯೂಸಿಯಮ್ಮುಗಳಿಗೂ ಬೆಂಕಿ ಬೀಳುತ್ತದೆ. 2016ರ ಏಪ್ರಿಲಿನಲ್ಲಿ ದೆಹಲಿಯ ರಾಷ್ಟ್ರೀಯ ನಿಸರ್ಗ ಇತಿಹಾಸ ಸಂಗ್ರಹಾಲಯ ಒಂದೇ ರಾತ್ರಿಯಲ್ಲಿ ಸುಟ್ಟುಹೋಯಿತು. 2018ರಲ್ಲಿ ಬ್ರೆಜಿಲ್ಲಿನದು ಹೋಯಿತು. 2024ರಲ್ಲಿ 4.46 ಕೋಟಿ ಡಾಲರ್ ಕೊಟ್ಟು ‘ಅಪೆಕ್ಸ್’ ಎಂಬ ಸ್ಟೆಗೊಸಾರಸ್ ಡೈನೋಸಾರಿನ ಅಸ್ಥಿಪಂಜರ ಕೊಂಡ ಅಮೆರಿಕದ ಕುಬೇರ ಕೆನ್ ಗ್ರಿಫಿನ್ ಅದನ್ನು ನ್ಯೂಯಾರ್ಕಿನ ಮ್ಯೂಸಿಯಮ್ಮಿನಲ್ಲಿಯೇ ಜನರ ಮುಂದೆ ನಿಲ್ಲಿಸಿದ್ದಾರೆ. ಒಳ್ಳೆಯದು. ಆದರೆ ಅದು ನಾಲ್ಕು ವರ್ಷದ ಕೈಗಡ. ಪಕ್ಕದ ಮನೆಗೆ ಕೊಟ್ಟ ಇಡ್ಲಿ ಪಾತ್ರೆಯ ಹಾಗೆ, ಯಾವತ್ತು ವಾಪಸು ಕೇಳುತ್ತಾರೋ ಎಂಬ ಅಳುಕಿನಲ್ಲಿಯೇ ಬೇಯಿಸಬೇಕು.

ಇನ್ನು ನಾನು ಹಂಗಿಸಿದ ಹರಾಜು. 2025ರ ಜುಲೈಯಲ್ಲಿ ಎಳೆಯ ಸೆರಟೊಸಾರಸ್ ಡೈನೋಸಾರ್ ಒಂದರ ಅಸ್ಥಿಪಂಜರ 3 ಕೋಟಿ ಡಾಲರಿಗೂ ಮೀರಿ ಹೋಯಿತು. ಆಗಿನ ದರದ ಲೆಕ್ಕದಲ್ಲಿ ಸುಮಾರು 260 ಕೋಟಿ ರೂಪಾಯಿ. ಅದೇ ದಿನ ಮಂಗಳ ಗ್ರಹದಿಂದ ಸಿಡಿದು ಬಂದ 24.67 ಕಿಲೋ ತೂಕದ ಕಲ್ಲು 53 ಲಕ್ಷ ಡಾಲರಿಗೆ ಮಾರಾಟವಾಯಿತು. ಆ ಕಲ್ಲು ಬಿದ್ದದ್ದು ನೈಜರ್ ದೇಶದ ಮರಳುಗಾಡಿನಲ್ಲಿ. ಅದು ತನ್ನ ಗಡಿ ದಾಟಿದ್ದು ಹೇಗೆ ಎಂದು ಅಲ್ಲಿಯ ಸರಕಾರ ತನಿಖೆಗೆ ಇಳಿದದ್ದು ಹರಾಜಿನ ಸುತ್ತಿಗೆ ಬಿದ್ದ ಮೇಲೆ.

ಬೆಲೆ ಕೇಳಿ ನನಗೆ ಹೊಟ್ಟೆಯುರಿಯಿಲ್ಲ. ಮಲಬಾರ್ ಹಿಲ್ಲಿನ ಫ್ಲ್ಯಾಟುಗಳ ದರ ಓದುತ್ತ ಬದುಕುವವರಿಗೆ ಯಾವ ಅಂಕಿಯೂ ದೊಡ್ಡದಲ್ಲ. ನನಗೆ ಬೇಕಾದದ್ದು ಆ ಎಲುಬಿಗೆ ಕಟ್ಟಿದ ಚೀಟಿ. ಎಲ್ಲಿ ಸಿಕ್ಕಿತು, ಯಾವತ್ತು, ಯಾರ ಕೈಗೆ? ಆ ಚೀಟಿ ಸರಿಯೇ ಎಂದು ನಾಳೆ ಇನ್ನೊಬ್ಬ ಬಂದು ನೋಡಬಹುದೇ? ಬ್ಯಾಂಕಿನಲ್ಲಿ ನೀವು ಆಡಿಟರಿಗೆ ಕಪಾಟು ತೆರೆಯುತ್ತಿದ್ದಿರಲ್ಲ, ಹಾಗೆ.

ಇಲ್ಲಿಯದೇ ಕಥೆ ಹೇಳುತ್ತೇನೆ. ಖಾನ್‌ದೇಶದ ಕಾಡಿನಲ್ಲಿ ಫಾರೆಸ್ಟ್ ಔಲೆಟ್ ಎಂಬ ಪುಟ್ಟ ಗೂಬೆಯಿದೆ. 1880ರ ದಶಕದಲ್ಲಿ ಅದನ್ನು ಹೊಡೆದು ಚರ್ಮ ಹದಮಾಡಿ ಇಟ್ಟವರಲ್ಲಿ ಜೇಮ್ಸ್ ಡೇವಿಡ್‌ಸನ್ ಎಂಬ ಅಧಿಕಾರಿಯೂ ಒಬ್ಬ. ಈತ ನಮಗೆ ಅಪರಿಚಿತನಲ್ಲ. ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, ಬೆಲ್ ಮತ್ತು ಏಟ್ಕೆನ್ ಎಂಬವರ ಜೊತೆಗೂಡಿ ಆ ಜಿಲ್ಲೆಯ ಚಿಟ್ಟೆಗಳ ಬಗ್ಗೆ ಬರೆದವನು ಇವನೇ. 1884ರ ಬಳಿಕ ಆ ಗೂಬೆಯ ಸುದ್ದಿಯೇ ಇಲ್ಲ. ಬ್ರಿಟಿಷ್ ಸೈನ್ಯದ ಕರ್ನಲ್ ಮೈನರ್ಟ್ಸ್‌ಹಾಗನ್ ಒಬ್ಬನೇ, 1914ರಲ್ಲಿ ಗುಜರಾತಿನ ಮಾಂಡ್ವಿಯಲ್ಲಿ ತನಗೊಂದು ಸಿಕ್ಕಿತೆಂದು ಚೀಟಿ ಕಟ್ಟಿ ಇಟ್ಟಿದ್ದ. ಸಾವಿರಾರು ಹಕ್ಕಿಗಳ ಖಾಸಗಿ ಸಂಗ್ರಹದ ಧಣಿ, ಯುದ್ಧದ ಪದಕದವನು. ಅನುಮಾನಿಸುವವರು ಯಾರು? ಗೂಬೆ ಹುಡುಕಿದವರು ಆ ಚೀಟಿಯನ್ನು ನಂಬಿ ಅಲೆದರು.

ಮುಂದೆ ಅವನ ಸಂಗ್ರಹ ಲಂಡನ್ನಿನ ಮ್ಯೂಸಿಯಮ್ಮಿಗೆ ಬಂತು. ಬಂದದ್ದರಿಂದಲೇ ಕಳ್ಳತನ ಹೊರಬಿತ್ತು. ಪಮೇಲಾ ರಾಸ್ಮುಸೆನ್ ಎಂಬ ಪಕ್ಷಿತಜ್ಞೆ ಆ ಚರ್ಮವನ್ನು ಎಕ್ಸ್‌ರೇಗೆ ಹಿಡಿದು, ಒಳಗಿನ ಹತ್ತಿ ಹೊಲಿಗೆಗಳನ್ನೆಲ್ಲ ಪರೀಕ್ಷಿಸಿದಾಗ ತಿಳಿದದ್ದು: ಅದು ಡೇವಿಡ್‌ಸನ್ ಹದಮಾಡಿದ ಗೂಬೆ. ಕರ್ನಲ್ ಅದನ್ನು ಮ್ಯೂಸಿಯಮ್ಮಿನಿಂದಲೇ ಕದ್ದು, ಹೊಸದಾಗಿ ತುಂಬಿ, ಹೊಸ ಚೀಟಿ ಕಟ್ಟಿದ್ದ. ಮೂಲ ಚೀಟಿಗಳಲ್ಲಿದ್ದ ಊರುಗಳ ಜಾಡು ಹಿಡಿದು ಆಕೆ ಮತ್ತು ಸಂಗಡಿಗರು ಹೊರಟರು. 1997ರ ನವೆಂಬರಿನಲ್ಲಿ, ನಮ್ಮ ಮಹಾರಾಷ್ಟ್ರದ ಶಹಾದಾ ಬಳಿಯ ಕಾಡಿನಲ್ಲಿ, ಹಾಡಹಗಲಿನಲ್ಲಿ ಆ ಗೂಬೆ ಕೊಂಬೆಯ ಮೇಲೆ ಕುಳಿತಿತ್ತು. 113 ವರ್ಷ!

ಈ ಭಾಗವನ್ನು ನಾನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ, ಓದಿದಾಗಲೆಲ್ಲ ಮೈ ಜುಮ್ಮೆನ್ನುತ್ತದೆ. ಆ ಕರ್ನಲ್ಲನ ಗೂಬೆ ಯಾರದೋ ಬಂಗಲೆಯ ಗಾಜಿನ ಡಬ್ಬಿಯಲ್ಲಿ, ನಿಮ್ಮ ಎ.ಸಿ.ಯ ತಂಪಿನಲ್ಲಿ ಉಳಿದಿದ್ದರೆ? ಸುಳ್ಳು ಚೀಟಿಯೂ ತಂಪಾಗಿ ಉಳಿಯುತ್ತಿತ್ತು.

ಹಾಗೆ ಒಳಗೇ ಮುಳುಗಿ ಹೋದದ್ದೂ ಇದೆ. ಜರ್ಮನಿಯ ಸೋಲ್ನ್‌ಹೋಫನ್ ಕಲ್ಲುಕ್ವಾರಿಗಳಲ್ಲಿ ಹಕ್ಕಿಗಳ ಪೂರ್ವಜರ ಬಳಗದ ಆರ್ಕಿಯಾಪ್ಟೆರಿಕ್ಸಿನ ಪಳೆಯುಳಿಕೆ ಸಿಗುತ್ತದಲ್ಲ, 1956ರಲ್ಲಿ ಸಿಕ್ಕಿದ್ದರ ಮಾಲಿಕ ಎಡುವಾರ್ಡ್ ಓಪಿಟ್ಶ್ ಎಂಬಾತ. ಕೆಲವು ಕಾಲ ಮ್ಯಾಕ್ಸ್‌ಬರ್ಗ್ ಮ್ಯೂಸಿಯಮ್ಮಿನಲ್ಲಿ ಇಟ್ಟಿದ್ದವನು 1974ರಲ್ಲಿ ಸಿಟ್ಟಾಗಿ ಮನೆಗೆ ಒಯ್ದ, ವಿಜ್ಞಾನಿಗಳಿಗೆ ಬಾಗಿಲು ಹಾಕಿದ. ಮಂಚದ ಕೆಳಗೆ ಇಟ್ಟುಕೊಂಡಿದ್ದ ಎನ್ನುತ್ತಾರೆ. 1991ರಲ್ಲಿ ಆತ ತೀರಿಕೊಂಡ ಮೇಲೆ ಹುಡುಕಿದರೆ ಕಲ್ಲಿಲ್ಲ. ಇವತ್ತಿಗೂ ಇಲ್ಲ.

ದುಡ್ಡಿದ್ದವರು ಕಾಪಾಡುತ್ತಾರೆ ಎನ್ನುತ್ತೀರಿ. 1844ರ ಜೂನಿನಲ್ಲಿ ಐಸ್‌ಲ್ಯಾಂಡಿನ ಎಲ್ಡೇ ಬಂಡೆಯ ಮೇಲೆ ಹಾರಲಾರದ ಗ್ರೇಟ್ ಆಕ್ ಹಕ್ಕಿಯ ಕೊನೆಯ ಜೋಡಿಯ ಕತ್ತು ಹಿಸುಕಿದ್ದು ಹೊಟ್ಟೆಗಿಲ್ಲದೆ ಅಲ್ಲ. ಸಂಗ್ರಾಹಕರು ಕೊಡುವ ಬೆಲೆಗಾಗಿ. ಅಪರೂಪವಾದಷ್ಟೂ ಬೆಲೆ, ಬೆಲೆ ಏರಿದಷ್ಟೂ ಬೇಟೆ. 1971ರಲ್ಲಿ ಅದೇ ಜಾತಿಯ ಒಂದು ಹಕ್ಕಿಯ ತುಂಬಿದ ಚರ್ಮ ಲಂಡನ್ನಿನಲ್ಲಿ ಹರಾಜಿಗೆ ಬಂದಾಗ ಐಸ್‌ಲ್ಯಾಂಡಿನ ಜನ ಚಂದಾ ಎತ್ತಿ 9,000 ಪೌಂಡಿಗೆ ಕೊಂಡು ತಮ್ಮ ಮ್ಯೂಸಿಯಮ್ಮಿಗೆ ತಂದರು. ಆಗ ಎರಡು ಲಕ್ಷ ಚಿಲ್ಲರೆ ಜನರ ದೇಶ ಅದು. ಡೊಂಬಿವಲಿ ಸ್ಟೇಷನ್ನಿನಲ್ಲಿ ಅಷ್ಟು ಜನ ಬೆಳಗಿನ ತಿಂಡಿಯ ಹೊತ್ತಿಗೇ ರೈಲು ಹತ್ತಿರುತ್ತಾರೆ.

ಚಂದಾ ಎಂದಾಗ ನೆನಪಾಯಿತು. ಫೋರ್ಟಿನ ಹಾರ್ನ್‌ಬಿಲ್ ಹೌಸಿಗೆ ನೀವು ಹೋಗಿದ್ದೀರಾ? ಅಲ್ಲಿರುವ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ 1883ರಲ್ಲಿ ಎಂಟು ಜನ ಸೇರಿ ಹುಟ್ಟುಹಾಕಿದ್ದು. ಅವರಲ್ಲಿ ಇಬ್ಬರು ನಮ್ಮವರು, ಆತ್ಮಾರಾಮ್ ಪಾಂಡುರಂಗ ಮತ್ತು ಸಖಾರಾಮ್ ಅರ್ಜುನ್, ಇಬ್ಬರೂ ವೈದ್ಯರು. ಶುರುವಿನಲ್ಲಿ ಕಚೇರಿಗೆ ಜಾಗ ಕೊಟ್ಟವನು ಫಿಪ್ಸನ್ ಎಂಬ ಮದ್ಯದ ವ್ಯಾಪಾರಿ. ತಮ್ಮ ಮನೆಯ ಕೊಂಬು, ಗರಿ, ಚರ್ಮಗಳನ್ನು ಒಟ್ಟಿಗೆ ಇಡೋಣ ಎಂದು ಹೊರಟವರು ಅವರು. ಒಬ್ಬ ಹುಡುಗ ತಾನು ಹೊಡೆದ ಗುಬ್ಬಿ ಯಾವುದೆಂದು ಕೇಳಲು ಅಲ್ಲಿಗೆ ಹೋದ. ಡ್ರಾಯರುಗಳನ್ನು ಎಳೆದು ತೋರಿಸಿದರು. ಹುಡುಗ ಪಕ್ಷಿತಜ್ಞ ಸಲೀಂ ಅಲಿಯಾದ. ಖಾಸಗಿ ಕಪಾಟಿನ ಮುಂದೆ ಆ ಹುಡುಗನನ್ನು ವಾಚ್‌ಮನ್ನೇ ತಡೆಯುತ್ತಿದ್ದ.

ನಮ್ಮವರ ಮನೆಗಳ ಅವಸ್ಥೆ ನೋಡಿ. ಘಾಟ್ಕೋಪರಿನ ಗೆಳೆಯರೊಬ್ಬರ ಹಾಲಿನಲ್ಲಿ ಕಾಟಿಯ ತಲೆ ತೂಗಿದೆ. ಯಾವ ಕಾಡಿನದು, ಯಾವ ಕಾಲದ್ದು ಎಂದು ಕೇಳಿದರೆ ‘ಅಜ್ಜನದು’ ಎಂದರು. ಅಜ್ಜನಿಗೂ ಕಾಟಿಗೂ ಅದೊಂದೇ ವಿಳಾಸ! ಇನ್ನು ಊರಿನ ಗುತ್ತಿನ ಮನೆಗಳ ಕೆತ್ತನೆಯ ಕಂಬಗಳು ಅಲಿಬಾಗಿನ ತೋಟದ ಮನೆಗಳಿಗೆ ಬರುತ್ತಿವೆ, ಭೂತದ ಮುಖವಾಡಗಳು ಬಾಂದ್ರಾದ ಗೋಡೆಗಳಿಗೆ. ‘ಕರಾವಳಿಯದು’ ಎಂಬಲ್ಲಿಗೆ ಚೀಟಿ ಮುಗಿಯಿತು. ಯಾವ ಸ್ಥಾನದ್ದು, ಯಾವ ದೈವದ್ದು, ಯಾವ ಕುಟುಂಬ ಅದರ ಮುಂದೆ ಕೈ ಮುಗಿದಿತ್ತು? ಮಾರಿದವನು ಹೇಳುವುದಿಲ್ಲ, ಕೊಂಡವನಿಗೆ ಸೋಫಾದ ಬಣ್ಣಕ್ಕೆ ಹೊಂದಿದರೆ ಸಾಕು. ಇದನ್ನು ಸಂಘದ ಸಭೆಯಲ್ಲಿ ಎತ್ತಿದರೆ ‘ಸಂಪಾದಕರಿಗೆ ಎಲ್ಲದರಲ್ಲಿಯೂ ಹುಳುಕು’ ಎಂದು ಊಟಕ್ಕೆ ಎಬ್ಬಿಸುತ್ತಾರೆ.

ನಿಮ್ಮ ನೀಲಿ ಕಲ್ಲು ಬಹುಶಃ ಕ್ಯಾವನ್‌ಸೈಟ್ ಇರಬೇಕು. ಪುಣೆಯ ವಾಘೋಲಿಯ ಜಲ್ಲಿ ಕ್ವಾರಿಗಳಲ್ಲಿ ಸಿಗುವ ಅದಕ್ಕೆ ಲೋಕದಲ್ಲೆಲ್ಲ ಹೆಸರು. ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ಲಾವಾದ ಪೊಟರೆಯಲ್ಲಿ ಅರಳಿದ್ದು. ನೀವು ಅಪರಾಧಿಯಲ್ಲ, ಕ್ರಶರಿಗೆ ಹೋಗಬೇಕಾದದ್ದು ಉಳಿಯಿತು. ಆದರೆ ಯಾವ ಕ್ವಾರಿ, ಯಾವ ವರ್ಷ ಎಂದು ಕೊಂಡಾಗ ಕೇಳಿದಿರಾ? ಕಲ್ಲು ಮಾರಿದವರ ಅಂಗಡಿ ಇನ್ನೂ ಇದ್ದರೆ ಹೋಗಿ ಕೇಳಿ ಬನ್ನಿ.

ಕೊನೆಯ ಪ್ರಶ್ನೆಗೆ ಉತ್ತರಿಸಲು ನಾಚಿಕೆಯಾಗುತ್ತಿದೆ. ಇಷ್ಟೆಲ್ಲ ಭಾಷಣ ಮಾಡಿದ ನನ್ನ ಕಚೇರಿಯಲ್ಲಿ ನಮ್ಮ ಪತ್ರಿಕೆಯ ಮೊದಲ ನಾಲ್ಕು ವರ್ಷಗಳ ಸಂಚಿಕೆಗಳಿಲ್ಲ. ಕುರ್ಲಾದ ಗೋದಾಮಿನಲ್ಲಿ ನೆಲದ ಮೇಲೆಯೇ ಜೋಡಿಸಿ ಇಟ್ಟಿದ್ದೆವು. 2005ರ ಜುಲೈ 26ರಂದು ಮುಂಬಯಿಯಲ್ಲಿ 944 ಮಿಲಿಮೀಟರ್ ಮಳೆ ಸುರಿದಾಗ ಮಿಠಿ ನದಿ ಒಳಗೆ ಬಂತು. ಮೂರನೆಯ ದಿನ ನಾನೇ ಸಲಿಕೆಯಿಂದ ಎತ್ತಿ ಹಾಕಿದೆ.

ಹೌದು ರಾಯರೇ, ನಿಮ್ಮ ಕಪಾಟು ಉಳಿಸಿಕೊಂಡಿತು, ನಮ್ಮ ಗೋದಾಮು ಕಳೆದುಕೊಂಡಿತು. ಈ ವಾಕ್ಯವನ್ನು ಕತ್ತರಿಸಿ ಇಟ್ಟುಕೊಳ್ಳಿ, ಮುಂದಿನ ಪತ್ರಕ್ಕೆ ಬೇಕಾಗುತ್ತದೆ. ಸಂಪುಟಗಳನ್ನು ಮಾತ್ರ ಕೊಡಬೇಡಿ. ಬರುವ ಭಾನುವಾರ ಸ್ಕ್ಯಾನ್ ಮಾಡುವ ಹುಡುಗನನ್ನು ಕರೆದುಕೊಂಡು ಹತ್ತು ಗಂಟೆಯ ಹೊತ್ತಿಗೆ ಬರುತ್ತೇನೆ. ಕಲ್ಲನ್ನೂ ನೋಡಿದಂತಾಗುತ್ತದೆ.

ಸಂಪಾದಕ